ಮೊಟ್ಟೆಯನ್ನೂ ತಿನ್ನದವರು ಜರ್ಮನಿಯ ಮೂರು ಸ್ಟಾರ್ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡಬಹುದಾ?

ಪ್ರಶ್ನೆ: ನಾವು ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಬರೋ ಅಕ್ಟೋಬರಿಗೆ ಮದುವೆಯಾಗಿ ಹತ್ತು ವರ್ಷ. ಬಾಯರ್ಸ್‌ಬ್ರೊನ್‌ನ ಮೂರು ಸ್ಟಾರ್ (ಮಿಶೆಲಿನ್ ಗೈಡ್ ಅಡುಗೆಗೆ ಕೊಡೋ ಅತಿ ದೊಡ್ಡ ಮನ್ನಣೆ) ಇರೋ ರೆಸ್ಟೋರೆಂಟ್ ಒಂದರಲ್ಲಿ ಊಟ ಮಾಡಬೇಕು ಅಂತ ನಮ್ಮ ಯಜಮಾನರ ಆಸೆ. ಅವರು ಎಲ್ಲ ತಿನ್ನುತ್ತಾರೆ. ನಾನು ಮೊಟ್ಟೆ ಕೂಡ ತಿನ್ನಲ್ಲ. ಅಷ್ಟು ದುಡ್ಡು ಕೊಟ್ಟು ನಾನು ಸೊಪ್ಪು ಮೆಲುಕು ಹಾಕಿ ಬರಬೇಕಾಗುತ್ತಾ? ಬುಕ್ ಮಾಡೋದಾ, ಬೇಡವಾ? ಇನ್ನೊಂದು, ಸೀರೆ ಉಟ್ಟು ಹೋದರೆ ನಡೆಯುತ್ತಾ?

ಉತ್ತರ: ಬುಕ್ ಮಾಡುವ ಮೊದಲು ಅವರಿಗೆ ಒಂದು ಮೇಲ್ ಬರೆಯಿರಿ. ಅವರು ಏನು ಉತ್ತರ ಕೊಡುತ್ತಾರೆ ನೋಡಿ, ಆಮೇಲೆ ತೀರ್ಮಾನ ಮಾಡಿ. ಸ್ಟಾರ್ ಎಷ್ಟು, ಫೋಟೋ ಎಷ್ಟು ಚಂದ, ಜನ ಏನಂತಾರೆ, ಇವು ಯಾವುವೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆ ಮೇಲ್ ಕೊಡುತ್ತದೆ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತಿದ್ದೀನಿ ಅಂದರೆ, ನಾನೂ ಸಸ್ಯಾಹಾರಿ, ಮತ್ತೆ ಒಮ್ಮೆ ಬರೆಯದೇ ಹೋಗಿದ್ದೆ. ಒಳ್ಳೆ ಹೆಸರಿದ್ದ ಜಾಗ. ಬುಕ್ ಮಾಡುವಾಗ ಅವರ ಫಾರಂನಲ್ಲಿ 'ವೆಗೆಟಾರಿಶ್' ಅನ್ನೋ ಕಡೆ ಟಿಕ್ ಹಾಕಿದ್ದೆ, ಸಾಕು ಅಂದುಕೊಂಡೆ. ಎರಡನೇ ತಟ್ಟೆ ಬಂತು. ಮನೆಯವರ ತಟ್ಟೆಯಲ್ಲಿ ಇದ್ದದ್ದೇ ನನ್ನದರಲ್ಲೂ ಇತ್ತು, ಮೀನು ಮಾತ್ರ ಇರಲಿಲ್ಲ. ಮೀನಿನ ಪಕ್ಕ ಇಡಲು ಮಾಡಿದ ಮೂರು ಕ್ಯಾರೆಟ್, ಒಂದು ಚಮಚ ಬಟಾಣಿ. ಮೂರನೆಯದಕ್ಕೆ ಕಂದು ಸಾಸ್ ಇತ್ತು. ಇದು ಯಾವುದರದ್ದು ಅಂತ ಕೇಳಿದೆ. ಬಡಿಸುವವರು ಒಳಗೆ ಹೋಗಿ ಕೇಳಿಕೊಂಡು ಬಂದು, ಕರುವಿನ ಮೂಳೆಯ ರಸ ಅಂದರು. ಕ್ಷಮೆ ಕೇಳಿ ತಟ್ಟೆ ತೆಗೆದರು, ಸಲಾಡ್ ತಂದರು. ಬಿಲ್ಲಿನಲ್ಲಿ ಮಾತ್ರ ಇಬ್ಬರಿಗೂ ಒಂದೇ ಬೆಲೆ. ಅವತ್ತು ಹಸಿವಿಗಿಂತ ಜಾಸ್ತಿ ಬೇಜಾರಾಗಿದ್ದು, ಮನೆಯವರು ನನ್ನ ಮುಖ ನೋಡಿಕೊಂಡು ಅವರ ಊಟವನ್ನೂ ಸುಖವಾಗಿ ಮಾಡಲಿಲ್ಲ ಅನ್ನೋದಕ್ಕೆ.

ನನ್ನ ತಟ್ಟೆ ಹಾಗಾದದ್ದಕ್ಕೆ ಕಾರಣ ಆ ಅಡುಗೆಯ ಬೇರಿನಲ್ಲೇ ಇದೆ. ಜರ್ಮನಿಯ ದೊಡ್ಡ ರೆಸ್ಟೋರೆಂಟುಗಳು ಬೆಳೆದದ್ದು ಫ್ರೆಂಚ್ ಅಡುಗೆಯ ನೆರಳಲ್ಲಿ. ಈ ದೇಶಕ್ಕೆ ಮೊದಲ ಬಾರಿ ಮೂರು ಸ್ಟಾರ್ ಬಂದದ್ದು 1979ರಲ್ಲಿ, ಮ್ಯೂನಿಕ್‌ನ ಔಬರ್ಜೀನ್‌ಗೆ. ಆ ರೆಸ್ಟೋರೆಂಟಿನ ಬಾಣಸಿಗ ಎಕಾರ್ಟ್ ವಿಟ್ಸಿಗ್‌ಮನ್ ಕೈಪಳಗಿಸಿಕೊಂಡದ್ದೂ ಫ್ರಾನ್ಸಿನ ಅಡುಗೆಮನೆಗಳಲ್ಲೇ. ಆ ಅಡುಗೆಯ ಜೀವ ಇರುವುದು 'ಫೋಂಡ್' ಅನ್ನೋ ರಸದಲ್ಲಿ. ಮೂಳೆ, ಮಾಂಸವನ್ನು ಗಂಟೆಗಟ್ಟಲೆ, ಮೀನಾದರೆ ಸ್ವಲ್ಪ ಹೊತ್ತು ಕುದಿಸಿ, ಸೋಸಿ, ಇಂಗಿಸಿ ಮಾಡಿದ್ದು. ನಮ್ಮ ಹೋಳಿಗೆ ಸಾರಿಗೆ ಬೇಳೆಕಟ್ಟು ಹೇಗೋ, ಅವರ ಸಾಸಿಗೆ ಫೋಂಡ್ ಹಾಗೆ. ಕಟ್ಟಿಲ್ಲದೆ ಹೋಳಿಗೆ ಸಾರು ಮಾಡಿ ಅಂತ ಊಟದ ಹೊತ್ತಿಗೆ ಹೇಳಿದರೆ ನಮ್ಮಮ್ಮ ಏನು ಮಾಡಿಯಾರು? ಹಿಂದಿನ ದಿನವೇ ಹೇಳಿದ್ದರೆ ಬೇರೆ ಏನಾದರೂ ಯೋಚಿಸುತ್ತಿದ್ದರು. ಅಷ್ಟೇ ವಿಷಯ. ಹುರಿದ ಈರುಳ್ಳಿ, ಒಣ ಅಣಬೆ, ಬೇರುಗಡ್ಡೆಗಳಿಂದಲೂ ಗಟ್ಟಿ ರಸ ತೆಗೆಯಬಹುದು, ಆದರೆ ಅದಕ್ಕೂ ಹೊತ್ತು ಬೇಕು.

ಮೇಲ್‌ನಲ್ಲಿ 'ಸಸ್ಯಾಹಾರಿ' ಅಂತ ಬರೆದು ನಿಲ್ಲಿಸಬೇಡಿ. ಜರ್ಮನಿಯಲ್ಲಿ ವೆಗೆಟಾರಿಶ್ ಅಂದರೆ ಮೊಟ್ಟೆ ಸೇರಿಕೊಂಡೇ ಇರುತ್ತದೆ, ಅವರಿಗೆ ಅದು ಸಹಜ. ಹಾಗಾಗಿ ಬಿಡಿಸಿ ಬರೆಯಿರಿ: ಕೈನ್ ಫ್ಲೈಶ್, ಕೈನ್ ಫಿಶ್, ಕೈನೆ ಐಯರ್, ಕೈನೆ ಗೆಲಾಟಿನೆ, ಕೈನೆ ಫ್ಲೈಶ್‌ಬ್ರೂಹೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಬೇಡ, ಮಾಂಸದ ರಸ ಬೇಡ. ಹಾಲು, ಬೆಣ್ಣೆ, ಮೊಸರು ನಡೆಯುತ್ತದೆ ಅಂತಲೂ ಸೇರಿಸಿ. ಇಲ್ಲದಿದ್ದರೆ ಪಾಪ, ಪೂರ್ತಿ ವೀಗನ್ ಮಾಡಿಬಿಡುತ್ತಾರೆ, ಬಾಯರ್ಸ್‌ಬ್ರೊನ್ ಇರುವ ಕಪ್ಪುಕಾಡು, ಅಂದರೆ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಬೆಣ್ಣೆ ನಿಮಗೆ ತಪ್ಪಿಹೋಗುತ್ತದೆ. ಚೀಸ್ ವಿಷಯದಲ್ಲಿ ನೀವು ಎಷ್ಟು ಕಟ್ಟುನಿಟ್ಟು ಅಂತ ಮೊದಲೇ ಯೋಚಿಸಿಕೊಳ್ಳಿ. ಪಾರ್ಮೆಜಾನ್‌ನಂಥ ಹಳೇ ಪದ್ಧತಿಯ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ, ಇಲ್ಲಿ ಅದಕ್ಕೆ 'ಲಾಬ್' ಅನ್ನುತ್ತಾರೆ. ಮದ್ಯ ಬೇಡದಿದ್ದರೆ ಅದನ್ನೂ ಬರೆಯಿರಿ. ಆ ಸೀಮೆಯ ಚೆರ್ರಿ ಸಾರಾಯಿ ಕಿರ್ಶ್‌ವಾಸರ್ ಸಿಹಿತಿಂಡಿಗಳಲ್ಲಿ ಸುಮ್ನೆ ಬಂದು ಕೂತಿರುತ್ತದೆ.

ಈಗ ಅವರ ಉತ್ತರ ಓದುವುದು ಹೇಗೆ? 'ತೊಂದರೆ ಇಲ್ಲ, ಏನಾದರೂ ಮಾಡುತ್ತೇವೆ' ಅಂತ ಒಂದು ಸಾಲು ಬಂದರೆ ನಾನಂತೂ ಬುಕ್ ಮಾಡುವುದಿಲ್ಲ. ಆ ಕ್ಯಾರೆಟ್ ಬಂದದ್ದು ಇಂಥ ಮನಸ್ಸಿನಿಂದಲೇ. 'ನಮ್ಮಲ್ಲಿ ತರಕಾರಿಯದ್ದೇ ಪೂರ್ತಿ ಮೆನು ಇದೆ, ಮೊಟ್ಟೆ ಇಲ್ಲದೆ ಇಂತಿಂಥವು ಬದಲಾಗುತ್ತವೆ, ಬ್ರೆಡ್ಡಿನಲ್ಲಿ ಮೊಟ್ಟೆ ಇಲ್ಲ, ಸಿಹಿ ಬೇರೆ ಮಾಡುತ್ತೇವೆ' ಅಂತ ಬಂದರೆ, ಅಥವಾ ಅವರೇ ತಿರುಗಿ ನಿಮಗೆ ಪ್ರಶ್ನೆ ಕೇಳಿದರೆ, ಕಣ್ಣು ಮುಚ್ಚಿ ಬುಕ್ ಮಾಡಿ. ಆಗೋದಿಲ್ಲ ಅಂತ ನೇರವಾಗಿ ಬರೆದರೆ ಅದೂ ಒಳ್ಳೆಯದೇ, ನಿಮ್ಮ ದುಡ್ಡು ಉಳಿಸಿದರು.

ಬಾಯರ್ಸ್‌ಬ್ರೊನ್ ಬಗ್ಗೆ ನಿಮ್ಮ ಯಜಮಾನರಿಗೆ ಯಾಕೆ ಅಷ್ಟು ಆಸೆ ಅಂತ ನನಗೆ ಅರ್ಥವಾಗುತ್ತದೆ. ಕಪ್ಪುಕಾಡಿನ ಮಧ್ಯದ ಸಣ್ಣ ಊರು, ಜನಸಂಖ್ಯೆ ಸುಮಾರು 15 ಸಾವಿರ, ಅಲ್ಲಿ ಮೂರು ಸ್ಟಾರಿನ ಎರಡು ಅಡುಗೆಮನೆ. ಒಂದು ಟೋನ್‌ಬಾಖ್ ಕಣಿವೆಯ ಟ್ರೌಬೆ ಹೋಟೆಲಿನ ಶ್ವಾರ್ಟ್ಸ್‌ವಾಲ್ಡ್‌ಸ್ಟುಬೆ. ಇನ್ನೊಂದು ಮಿಟೆಲ್‌ಟಾಲ್‌ನ ಬಾರೈಸ್, ಅಲ್ಲಿ ಕ್ಲಾಸ್ ಪೀಟರ್ ಲುಂಪ್ ಮುಖ್ಯ ಬಾಣಸಿಗರು. ಶ್ವಾರ್ಟ್ಸ್‌ವಾಲ್ಡ್‌ಸ್ಟುಬೆಯನ್ನು ಹರಾಲ್ಡ್ ವೋಲ್‌ಫಾರ್ಟ್ 2017ರವರೆಗೆ ದಶಕಗಳ ಕಾಲ ನಡೆಸಿದರು, ಈ ದೇಶದ ಎಷ್ಟೋ ದೊಡ್ಡ ಬಾಣಸಿಗರು ಅವರ ಕೈಕೆಳಗೆ ಕಲಿತವರು. 2020ರ ಜನವರಿಯಲ್ಲಿ ಆ ಹಳೇ ಕಟ್ಟಡ ಬೆಂಕಿಗೆ ಸುಟ್ಟುಹೋಯಿತು. ತಾತ್ಕಾಲಿಕ ಜಾಗದಲ್ಲಿ ಅಡುಗೆ ಮುಂದುವರಿಸಿ, 2022ರಲ್ಲಿ ಹೊಸ ಕಟ್ಟಡಕ್ಕೆ ಬಂದರು. ಇಂಥ ಕಡೆ ಊಟ ಮಾಡಬೇಕು ಅನ್ನಿಸುವುದು ನ್ಯಾಯವೇ.

ಆದರೆ ಇದು ನಿಮ್ಮ ಮೊದಲ ಸ್ಟಾರ್ ಊಟವಾ? ಹಾಗಿದ್ದರೆ ಅದಕ್ಕಿಂತ ಮುಂಚೆ ಒಂದು ಸ್ಟಾರ್ ಇರುವ ಕಡೆ ಮಧ್ಯಾಹ್ನದ ಊಟ ಮಾಡಿ ನೋಡಿ. ಮಧ್ಯಾಹ್ನ ತೆರೆಯುವ ಕಡೆ ಸಾಮಾನ್ಯವಾಗಿ ತಟ್ಟೆ ಕಡಿಮೆ, ಬೆಲೆಯೂ ಕಡಿಮೆ. ಮೂರೂವರೆ, ನಾಲ್ಕು ಗಂಟೆ ಕೂತು, ಅಂಗೈಯಗಲದ ಪದಾರ್ಥಗಳನ್ನು ಒಂದೊಂದಾಗಿ, ಪ್ರತಿಯೊಂದರ ಕಥೆ ಕೇಳಿಕೊಂಡು ತಿನ್ನುವುದು ಎಲ್ಲರಿಗೂ ಹಿಡಿಸುವುದಿಲ್ಲ, ಹಿಡಿಸಲೇಬೇಕು ಅಂತಲೂ ಇಲ್ಲ. ಖಾರ, ಹುಳಿ, ಒಗ್ಗರಣೆಯ ಜೋರು ಇಲ್ಲಿ ಸಿಗುವುದಿಲ್ಲ. ಅದಿಲ್ಲದೆ ನಾಲಿಗೆಗೆ ಊಟವೇ ಅನ್ನಿಸದಿದ್ದರೆ ಈ ಖರ್ಚು ಬೇಡ.

ನನಗೆ ಹಿಡಿಸಿದ್ದು ಒಂದು ಗಡ್ಡೆಯಿಂದ. ಬರೆದು, ಉತ್ತರ ಓದಿ, ಆಮೇಲೆ ಹೋದ ಜಾಗ ಅದು. ಸೆಲರಿ ಗಡ್ಡೆಯನ್ನು, ನೋಡಲು ನಮ್ಮ ಸುವರ್ಣಗಡ್ಡೆಯ ತಮ್ಮನ ಹಾಗಿರುತ್ತದೆ, ಇಡಿಯಾಗಿ ಉಪ್ಪಿನ ಹಿಟ್ಟಿನಲ್ಲಿ ಮುಚ್ಚಿ ಬೇಯಿಸಿ ಟೇಬಲ್ಲಿಗೇ ತಂದರು. ಚಮಚದ ಬೆನ್ನಿಂದ ತಟ್ಟಿದರು. ಚಿಪ್ಪು ಒಡೆದು ಹಬೆ ಎದ್ದಿತು. ಒಳಗಿನ ಗಡ್ಡೆಯನ್ನು ಹಲ್ವದ ತುಂಡಿನ ಹಾಗೆ ಕತ್ತರಿಸಿ, ಕಪ್ಪಗೆ ಇಂಗಿಸಿದ ಅಣಬೆ ರಸ ಸುತ್ತ ಹೊಯ್ದರು. ಮನೆಯವರು ಅವರ ಜಿಂಕೆ ಮಾಂಸ ಬಿಟ್ಟು ನನ್ನ ತಟ್ಟೆಯಿಂದ ಎರಡು ತುತ್ತು ತಗೊಂಡರು.

ಅಕ್ಟೋಬರ್ ನಿಮಗೆ ಒಳ್ಳೆಯ ತಿಂಗಳು. ಕಾಡಿನ ಅಣಬೆ, ಕುಂಬಳ, ಬೀಟ್‌ರೂಟ್, ಸೇಬು ಎಲ್ಲ ಇರುವ ಕಾಲ. ತರಕಾರಿಯವರಿಗೆ ಇಷ್ಟೇ ಒಳ್ಳೆಯ ಇನ್ನೊಂದು ಕಾಲ ಬಿಳಿ ಆಸ್ಪರಾಗಸ್ ಬರುವ ಏಪ್ರಿಲ್‌ನಿಂದ ಜೂನ್ 24ರವರೆಗೆ.

ದುಡ್ಡು. ಮೂರು ಸ್ಟಾರ್ ಕಡೆ ರಾತ್ರಿಯ ಮೆನು ಒಬ್ಬರಿಗೆ 250 ಯೂರೋ ಮೇಲೆಯೇ ಅಂದುಕೊಳ್ಳಿ, 300 ದಾಟುವುದು ಅಪರೂಪವಲ್ಲ. ಜೊತೆಗೆ ವೈನ್ ಜೋಡಿ, ಅಂದರೆ ಪ್ರತಿ ತಟ್ಟೆಗೂ ಹೊಂದುವ ಒಂದೊಂದು ವೈನ್, ತಗೊಂಡರೆ ಇನ್ನೊಂದು ನೂರು, ನೂರೈವತ್ತು. ನೀರೂ ಬಾಟಲಿ ಲೆಕ್ಕ. ಟೀ, ಕಾಫಿ ಬೇರೆ. ಇಬ್ಬರಿಗೆ 800ರಿಂದ 1,000 ಎತ್ತಿಟ್ಟುಕೊಂಡರೆ ಅಲ್ಲಿ ಕೂತು ಲೆಕ್ಕ ಹಾಕುವ ಕಷ್ಟವಿರುವುದಿಲ್ಲ. ತೆರಿಗೆ, ಸೇವೆ ಬೆಲೆಯಲ್ಲೇ ಸೇರಿರುತ್ತದೆ, ಟಿಪ್ಸ್ ಐದರಿಂದ ಹತ್ತು ಪರ್ಸೆಂಟ್ ಸಾಕು. ಬುಕ್ ಮಾಡುವಾಗ ಕಾರ್ಡ್ ನಂಬರ್ ಕೇಳುತ್ತಾರೆ. ಎಷ್ಟು ದಿನ ಮುಂಚೆ ರದ್ದು ಮಾಡಿದರೆ ದಂಡ ಇಲ್ಲ ಅನ್ನೋ ಸಾಲನ್ನು ಓದಿಯೇ ಒತ್ತಿ, ಮಗುವಿಗೆ ಜ್ವರ ಬಂದರೂ ದಂಡ ದಂಡವೇ.

ರಾತ್ರಿ ಊಟ ಮುಗಿಯುವ ಹೊತ್ತಿಗೆ ಸ್ಟುಟ್‌ಗಾರ್ಟಿಗೆ ವಾಪಸ್ ಬರುವ ರೈಲು ನಂಬಬೇಡಿ. ಆ ಹೋಟೆಲುಗಳಲ್ಲೇ ಉಳಿಯಬೇಕು ಅಂತೇನಿಲ್ಲ, ಊರಲ್ಲಿ ಉಳಿಯಲು ಸಣ್ಣ ಗಾಸ್ಟ್‌ಹೌಸ್‌ಗಳಿವೆ, ಅಂದರೆ ವಸತಿಯೂ ಇರುವ ಊಟದ ಮನೆಗಳು.

ಒಂದು ವೇಳೆ ಬಾಯರ್ಸ್‌ಬ್ರೊನ್‌ನಿಂದ ಮನಸ್ಸಿಗೆ ಬರುವ ಉತ್ತರ ಬರದಿದ್ದರೆ? ಆಗ ಹಟ ಬೇಡ. ಬರ್ಲಿನ್‌ನ ಕುಕೀಸ್ ಕ್ರೀಮ್ ಸಸ್ಯಾಹಾರಿ ಜಾಗ, 2017ರಲ್ಲಿ ಅದಕ್ಕೆ ಸ್ಟಾರ್ ಸಿಕ್ಕಿತು. ಫ್ರಾಂಕ್‌ಫರ್ಟ್‌ನ ಸೆವೆನ್ ಸ್ವಾನ್ಸ್ ಮಾಂಸ, ಹಾಲು ಎರಡೂ ಇಲ್ಲದ ಅಡುಗೆಗೆ ಸ್ಟಾರ್ ಪಡೆದ ಮನೆ. ಇಂಥ ಕಡೆ ನಿಮ್ಮ ತಟ್ಟೆ ಯಾರದೋ ತಟ್ಟೆಯಿಂದ ಕಳೆದು ಉಳಿದದ್ದಲ್ಲ. ಹೋಗುವ ಮುಂಚೆ ಈಗಿನ ಮೆನು ನೋಡಿಕೊಳ್ಳಿ, ಬರ್ಲಿನ್‌ಗಾದರೆ ಮೊಟ್ಟೆ ವಿಷಯ ಬರೆಯಿರಿ. ಹತ್ತು ವರ್ಷದ ಊಟ ಇಬ್ಬರದೂ ಅಲ್ವಾ, ನಿಮ್ಮ ಯಜಮಾನರಿಗೆ ಇದನ್ನು ನೇರವಾಗಿ ಹೇಳಿ.

ಸೀರೆ ಖಂಡಿತ ಉಡಿ. ಇಂಥ ಕಡೆ ನೀಟಾಗಿ ಬಂದರೆ ಸಾಕು, ರೇಷ್ಮೆ ಸೀರೆಗೆ ಯಾರೂ ಹುಬ್ಬೇರಿಸುವುದಿಲ್ಲ. ಕೋಟನ್ನು ಬಾಗಿಲಲ್ಲೇ ಇಸ್ಕೊಂಡು ತೂಗುಹಾಕುತ್ತಾರೆ, ಹಾಗಾಗಿ ಒಂದು ಶಾಲು ಕೈಯಲ್ಲೇ ಇಟ್ಟುಕೊಳ್ಳಿ. ಅಕ್ಟೋಬರಿನ ರಾತ್ರಿ ಆ ಕಣಿವೆಯಲ್ಲಿ ಒಳ್ಳೆ ಚಳಿ ಇರುತ್ತದೆ.