ದಿಬ್ಬುಕ್, ಶಿವಾ ಮತ್ತು ಪಟ್ಟಿಯಲ್ಲಿಲ್ಲದ ಸಂಗಾತಿ

ಒಂದು ಯಹೂದಿ ಸಂಸಾರ, ಇಬ್ಬರು ಗಂಡಸರ ಪ್ರೀತಿ, ಜೊತೆಗೊಂದು ದೆವ್ವ. ಇಂಥ ಕಾದಂಬರಿ ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು ನೆನಪಿಡಿ. ಇಲ್ಲಿ ದೆವ್ವ ಸುಮ್ನೆ ಹೆದರಿಸಲು ಬರುವುದಿಲ್ಲ, ಬಾಕಿ ಕೇಳಲು ಬರುತ್ತದೆ.

ಬದುಕಿರುವವರ ಮೈಮೇಲೆ ಬರುವ ಸತ್ತವರ ಆತ್ಮಕ್ಕೆ ಯಹೂದಿಗಳು 'ದಿಬ್ಬುಕ್' ಎನ್ನುತ್ತಾರೆ. ಹೀಬ್ರೂವಿನಲ್ಲಿ ಇದರ ಮೂಲಕ್ಕೆ ಅಂಟಿಕೊಳ್ಳುವುದು ಎಂದರ್ಥ. ಇದೇ ಹೆಸರಿನ ಎಸ್. ಆನ್‌ಸ್ಕಿ ನಾಟಕ 1920ರ ಡಿಸೆಂಬರಿನಲ್ಲಿ ವಾರ್ಸಾದಲ್ಲಿ ಮೊದಲ ಬಾರಿ ರಂಗಕ್ಕೆ ಬಂತು. ಆನ್‌ಸ್ಕಿ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ನಾಟಕದಲ್ಲಿ ಸೆಂಡರ್ ಮತ್ತು ನಿಸ್ಸನ್ ಜೀವದ ಗೆಳೆಯರು. ಮಕ್ಕಳು ಹುಟ್ಟುವ ಮೊದಲೇ ಬೀಗರಾಗುವ ಮಾತು ಕೊಟ್ಟುಕೊಂಡಿದ್ದರು. ನಿಸ್ಸನ್ ಸತ್ತ. ಸೆಂಡರ್ ತನ್ನ ಮಗಳು ಲೇಯಾಗೆ ಶ್ರೀಮಂತ ಗಂಡು ಹುಡುಕಿದ. ಸುದ್ದಿ ಕೇಳಿ ನಿಸ್ಸನ್‌ನ ಮಗ ಖೋನೆನ್ ಪ್ರಾಣಬಿಟ್ಟ, ಮದುವೆಯ ದಿನ ಅವಳ ಮೈಮೇಲೆ ಬಂದ. ಹೆಣ್ಣಿನ ಬಾಯಲ್ಲಿ ಗಂಡಿನ ದನಿ! ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಪಂಚಾಯ್ತಿ ಸೇರಿಸಿ, ಸತ್ತ ನಿಸ್ಸನ್‌ನನ್ನೇ ಕರೆಸಿ ದೂರು ಕೇಳುತ್ತಾರೆ. ತಾವಿಬ್ಬರೂ ಒಂದಾಗಲು ಆಗದ್ದನ್ನು ಆ ಅಪ್ಪಂದಿರು ಮಕ್ಕಳ ಮೂಲಕ ಬಯಸಿದರೇ ಎಂದು ಕೇಳುವ ವಿಮರ್ಶಕರಿದ್ದಾರೆ. ನನಗೆ ಈ ಓದು ತುಂಬಾ ಹಿಡಿಸಿದೆ.

ಇನ್ನು ಸಾವಿನ ಮನೆ. 'ಶಿವಾ' ಎಂದರೆ ಹೀಬ್ರೂವಿನಲ್ಲಿ ಏಳು. ನಮ್ಮ ಶಿವನಿಗೂ ಇದಕ್ಕೂ ನಂಟಿಲ್ಲ. ಏಳು ದಿನ ಮನೆಯವರು ತಗ್ಗು ಪೀಠದ ಮೇಲೆ ಕೂರುತ್ತಾರೆ, ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ. ಹೀಗೆ ಕೂರಬೇಕಾದವರು ಅಪ್ಪ, ಅಮ್ಮ, ಮಗ, ಮಗಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ. ಅಷ್ಟೇ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಗಂಡಸಿಗೆ ಈ ಪಟ್ಟಿಯಲ್ಲಿ ಜಾಗವೆಲ್ಲಿ? ಅವನು ಬಂದುಹೋಗುವವರ ಜೊತೆ ನಿಲ್ಲಬೇಕು, ಅಲ್ವಾ? ಕಥೆಯ ಜಗಳ ಹುಟ್ಟುವುದೇ ಇಲ್ಲಿ. ಹಾಗಾಗಿ ಮನೆಯವರ ಪಂಗಡ ಯಾವುದೆಂದು ಗಮನಿಸಿ. ಕಟ್ಟುನಿಟ್ಟಿನ ಆರ್ಥಡಾಕ್ಸ್ ಸಂಪ್ರದಾಯ ಗಂಡಸರಿಬ್ಬರ ಮದುವೆಯನ್ನು ಒಪ್ಪುವುದಿಲ್ಲ. ಅಮೆರಿಕದ ಸುಧಾರಣಾವಾದಿ (ರಿಫಾರ್ಮ್) ರಬ್ಬಿಗಳ ಸಂಘ, ಅದನ್ನು ನಡೆಸಿಕೊಡುವ ರಬ್ಬಿಗಳ ಬೆನ್ನಿಗೆ 2000ದಲ್ಲೇ ನಿಂತಿತು.

'ಕದ್ದಿಶ್' ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ಅದರಲ್ಲಿ ಸಾವಿನ ಮಾತೇ ಇಲ್ಲ, ಇರುವುದೆಲ್ಲ ದೇವರ ಹೊಗಳಿಕೆ. ಹೇಳಲು ಹತ್ತು ಮಂದಿ ಸೇರಬೇಕು. ಟೋನಿ ಕುಶ್ನರ್ ಅವರ 'ಏಂಜೆಲ್ಸ್ ಇನ್ ಅಮೆರಿಕ' ನಾಟಕದಲ್ಲಿ ವಕೀಲ ರಾಯ್ ಕೋನ್ ಏಡ್ಸ್‌ನಿಂದ ಸಾಯುತ್ತಾನೆ. ತಾನು ಸಲಿಂಗಿ ಎಂದು ಅವನು ಒಪ್ಪಿಕೊಂಡವನೇ ಅಲ್ಲ. ಹೆಣದ ಮುಂದೆ ನಿಂತ ಲೂಯಿಸ್ ಎಂಬ ಯಹೂದಿ ಸಲಿಂಗಿ ಪಾತ್ರಕ್ಕೆ ಕದ್ದಿಶ್ ಬರುವುದಿಲ್ಲ. ಹೇಳಿಕೊಡುವುದು ಎಥೆಲ್ ರೋಸೆನ್‌ಬರ್ಗ್‌ಳ ದೆವ್ವ. 1953ರಲ್ಲಿ ಅವಳನ್ನು ವಿದ್ಯುತ್ ಕುರ್ಚಿಗೆ ಕಳಿಸಿದ ಬೇಹುಗಾರಿಕೆ ಮೊಕದ್ದಮೆಯ ಸರ್ಕಾರಿ ವಕೀಲರಲ್ಲಿ ಇದೇ ಕೋನ್ ಒಬ್ಬ. ಅವಳು ಹೇಳಿಕೊಡುತ್ತಾಳೆ, ಲೂಯಿಸ್ ಹೇಳುತ್ತಾ ಹೋಗುತ್ತಾನೆ. ಆ ಕೋಣೆಯಲ್ಲಿ ಹತ್ತು ಮಂದಿ ಇಲ್ಲ. ಸತ್ತವನ ಮನೆಯವರು ಒಬ್ಬರೂ ಇಲ್ಲ.