ಚೀನಾ ಬಾಗಿಲು ಮುಚ್ಚಿತ್ತಾ, ಜಗಲಿಯಲ್ಲಿ ಕೂರಿಸಿತ್ತಾ?

ಯುರೋಪಿನವರು ವ್ಯಾಪಾರಕ್ಕೆ ಬಂದಾಗ ಚೀನಾ ಏನು ಮಾಡಿತು ಅಂತ ಕೇಳಿದರೆ ನಮ್ಮ ಬಳಿ ಒಂದು ಸಿದ್ಧ ಉತ್ತರ ಇರುತ್ತದೆ. ಚೀನಾ ಬಾಗಿಲು ಮುಚ್ಚಿಕೊಂಡು ಕೂತಿತ್ತು, ಬ್ರಿಟಿಷರು ಒದ್ದು ತೆರೆದರು. ನಾನೂ ಪರೀಕ್ಷೆಯಲ್ಲಿ ಇದನ್ನೇ ಬರೆದಿದ್ದೆ, ಅಂಕವೂ ಬಂತು. ಆಮೇಲೆ ಒಂದು ಅನುಮಾನ ಹುಟ್ಟಿತು. ಬಾಗಿಲು ಮುಚ್ಚಿದ್ದರೆ ಲಂಡನ್ನಿನ ಮನೆಮನೆಗೆ ಚಹಾ ಹೋಗಿದ್ದು ಎಲ್ಲಿಂದ? ದಕ್ಷಿಣ ಅಮೆರಿಕದ ಗಣಿಗಳ ಬೆಳ್ಳಿ ಚೀನಾದ ರೈತ ಕಟ್ಟುವ ಕಂದಾಯದವರೆಗೆ ಬಂದಿದ್ದು ಹೇಗೆ?

ಅರ್ಥ ಮಾಡಿಕೊಳ್ಳಲು ನನಗೆ ನೆರವಾಗಿದ್ದು ನಮ್ಮ ಹಳೆಯ ಮನೆಗಳ ಜಗಲಿ. ಗುರುತಿಲ್ಲದವರು ಬಂದರೆ ಓಡಿಸುವುದಿಲ್ಲ, ನಡುಮನೆಗೂ ಕರೆಯುವುದಿಲ್ಲ. ಜಗಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, ವ್ಯವಹಾರ ಅಲ್ಲೇ ಮುಗಿಸಿ ಕಳಿಸುತ್ತಾರೆ. ಹೆಚ್ಚುಕಡಿಮೆ 300 ವರ್ಷ ಚೀನಾ ಮಾಡಿದ್ದು ಇದನ್ನೇ. ಈ ಟಿಪ್ಪಣಿಯನ್ನು ಆ ಚಿತ್ರ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಮೊದಲ ಜಗಲಿ, ಮಕಾವ್

ಪೋರ್ಚುಗೀಸರ ರಾಯಭಾರಿ ತೊಮೆ ಪಿರೆಸ್ 1517ರಲ್ಲಿ ಗುವಾಂಗ್‌ಝೌಗೆ ಬಂದ. ಅದೇ ಊರನ್ನು ಯುರೋಪಿನವರು ಕ್ಯಾಂಟನ್ ಎನ್ನುತ್ತಿದ್ದರು. ಆದರೆ ಪೋರ್ಚುಗೀಸರು 1511ರಲ್ಲೇ ಮಲಕ್ಕಾ ಕಿತ್ತುಕೊಂಡಿದ್ದರು, ಮಲಕ್ಕಾದ ಸುಲ್ತಾನ ಆಗ ಚೀನಾ ಆಳುತ್ತಿದ್ದ ಮಿಂಗ್ ದೊರೆಗಳಿಗೆ ಕಪ್ಪ ಕೊಡುತ್ತಿದ್ದವನು. ದೂರು ಬೀಜಿಂಗ್ ತಲುಪಿತು, ರಾಯಭಾರ ಕೆಟ್ಟಿತು. 1521 ಮತ್ತು 1522ರಲ್ಲಿ ಕಡಲಲ್ಲಿ ಕಾಳಗ ನಡೆದು ಮಿಂಗ್ ನೌಕೆಗಳು ಗೆದ್ದವು. ಯುರೋಪಿನ ಜೊತೆಗಿನ ಮೊದಲ ಕಾಳಗಗಳಲ್ಲಿ ಗೆದ್ದಿದ್ದು ಚೀನಾ ಅನ್ನುವುದನ್ನು ನಾವು ಮರೆತೇಬಿಡುತ್ತೇವೆ.

ಗೆದ್ದವರು ಸುಮ್ನೆ ಕೂರಲಿಲ್ಲ. ಸೋತವರ ತೋಪುಗಳನ್ನು ನೋಡಿ ತಾವೂ ಎರಕ ಹೊಯ್ದರು. ಅದಕ್ಕೆ ಇಟ್ಟ ಹೆಸರು ‘ಫೋಲಾಂಗ್‌ಜಿ’. ಪೋರ್ಚುಗೀಸರನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ. ಕನ್ನಡದಲ್ಲೂ ಹಾಗೇ ಅಲ್ವಾ? ಯುರೋಪಿನವನು ಪರಂಗಿ, ಅವನ ತೋಪು ಫಿರಂಗಿ. ‘ಫ್ರಾಂಕ್’ ಎಂಬ ಒಂದೇ ಮಾತು ಅರಬ್ಬರ ಬಾಯಿಂದ ಹೊರಟು ಎರಡೂ ಕಡೆ ಬಂದಿಳಿದಿದೆ.

1557ರ ಹೊತ್ತಿಗೆ ಪೋರ್ಚುಗೀಸರಿಗೆ ಮಕಾವ್‌ನಲ್ಲಿ ನೆಲೆ ಸಿಕ್ಕಿತು. ಗೆದ್ದ ನೆಲವಲ್ಲ, ಬಾಡಿಗೆಯ ನೆಲ. 1570ರ ದಶಕದಲ್ಲಿ ಆ ಭೂಚಾಚಿನ ಕುತ್ತಿಗೆಗೆ ಅಡ್ಡಗೋಡೆ ಕಟ್ಟಿ ಒಂದು ಬಾಗಿಲು ಇಟ್ಟರು. ಅಕ್ಕಿ, ತರಕಾರಿ ಎಲ್ಲ ಆ ಬಾಗಿಲಿನಿಂದಲೇ ಒಳಗೆ ಬರಬೇಕು. ಪೋರ್ಚುಗೀಸರು ಹದ್ದು ಮೀರಿದರೆ ಬಾಗಿಲು ಹಾಕಿದರಾಯಿತು, ಹೊಟ್ಟೆ ತಾನೇ ಬುದ್ಧಿ ಹೇಳುತ್ತದೆ.

ಇದೇ ಕಾಲದಲ್ಲಿ, 1567ರಲ್ಲಿ, ಮಿಂಗ್ ಸರ್ಕಾರ ತನ್ನ ಜನರ ಮೇಲಿದ್ದ ಕಡಲ ನಿಷೇಧವನ್ನು ಸಡಿಲಿಸಿತು. ಸ್ಪೇನಿನವರು 1571ರಲ್ಲಿ ಮನಿಲಾ ಹಿಡಿದರು, ಅಮೆರಿಕದ ಬೆಳ್ಳಿ ಅಲ್ಲಿಗೆ ಬಂತು, ಫುಜಿಯಾನ್‌ನ ವರ್ತಕರು ರೇಷ್ಮೆ ಕೊಟ್ಟು ಅದನ್ನು ತಂದರು. 1581ರ ಹೊತ್ತಿಗೆ ಮಂತ್ರಿ ಝಾಂಗ್ ಜುಝೆಂಗ್ ಬಗೆಬಗೆಯ ತೆರಿಗೆಗಳನ್ನು ಒಟ್ಟುಗೂಡಿಸಿ ಬೆಳ್ಳಿಯಲ್ಲೇ ಕಟ್ಟುವ ಪದ್ಧತಿಯನ್ನು ದೇಶಕ್ಕೆಲ್ಲ ತಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಅಫೀಮಿನ ಕಥೆಯಲ್ಲಿ ಬೇಕಾಗುತ್ತದೆ.

ಪಾದ್ರಿಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮತ್ತೆಯೊ ರಿಚ್ಚಿ 1601ರಲ್ಲಿ ಬೀಜಿಂಗ್ ತಲುಪಿದ. ಶು ಗುವಾಂಗ್‌ಚಿ ಎಂಬ ಚೀನೀ ವಿದ್ವಾಂಸನ ಜೊತೆ ಸೇರಿ ಯೂಕ್ಲಿಡ್‌ನ ರೇಖಾಗಣಿತದ ಮೊದಲ 6 ಭಾಗಗಳನ್ನು 1607ರಲ್ಲಿ ಚೀನೀ ಭಾಷೆಗೆ ತಂದ. ಗಣಿತ, ಪಂಚಾಂಗ, ಭೂಪಟ ಎಲ್ಲ ಬೇಕಿತ್ತು. ಆದರೆ ಪೂರ್ವಜರ ಪೂಜೆ ಕ್ರೈಸ್ತರಾದವರಿಗೆ ಸಲ್ಲದು ಎಂದು ಪೋಪ್ ಹಟ ಹಿಡಿದಾಗ ದೊರೆ ಕಾಂಗ್‌ಶಿ ಸಿಟ್ಟಾದ, ಅವನ ಮಗ ಯೋಂಗ್‌ಝೆಂಗ್ 1724ರಲ್ಲಿ ಆ ಧರ್ಮವನ್ನೇ ನಿಷೇಧಿಸಿದ.

ದೊಡ್ಡ ಜಗಲಿ, ಕ್ಯಾಂಟನ್

1662ರಲ್ಲಿ ಝೆಂಗ್ ಚೆಂಗ್‌ಗೊಂಗ್ ಎಂಬ ಕಡಲ ದಂಡನಾಯಕ ಡಚ್ಚರನ್ನು ತೈವಾನ್‌ನಿಂದ ಓಡಿಸಿದ. ಅವನು ಮಿಂಗ್ ಪಕ್ಷದವನು. ಮಿಂಗ್ ವಂಶದ ಜಾಗಕ್ಕೆ ಹೊಸದಾಗಿ ಬಂದ ಚಿಂಗ್ ದೊರೆಗಳಿಗೆ ಡಚ್ಚರಿಗಿಂತ ಅವನದೇ ಭಯ ಜಾಸ್ತಿ, ಹಾಗಾಗಿ ಕರಾವಳಿಯ ಊರುಗಳನ್ನೇ ಖಾಲಿ ಮಾಡಿಸಿದ್ದರು. ಅವನ ವಂಶ 1683ರಲ್ಲಿ ಶರಣಾದ ಮರುವರ್ಷವೇ ಬಂದರುಗಳನ್ನು ತೆರೆದರು. ‘ಮುಚ್ಚಿದ ಬಾಗಿಲು’ ಎನ್ನುವವರು ಇದನ್ನು ಗಮನಿಸಬೇಕು. ಬಾಗಿಲು ಹಾಕುವುದು ತೆಗೆಯುವುದು ಎಷ್ಟೋ ಸಲ ಮನೆಯೊಳಗಿನ ಜಗಳಕ್ಕೆ ಸಂಬಂಧಪಟ್ಟಿತ್ತು.

1757ರಲ್ಲಿ ಯುರೋಪಿನವರ ವ್ಯಾಪಾರವನ್ನು ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದರು. ಊರಿನ ಕೋಟೆಯ ಹೊರಗೆ, ನದಿ ದಂಡೆಯಲ್ಲಿ, ಅವರಿಗೆ ಮಳಿಗೆಗಳ ಸಾಲು. ಹೆಂಡತಿಯರನ್ನು ಕರೆತರುವಂತಿಲ್ಲ. ವ್ಯಾಪಾರದ ಋತು ಮುಗಿದರೆ ಮಕಾವ್‌ಗೆ ಹೋಗಬೇಕು. ಅವರಿಗೆ ಚೀನೀ ಭಾಷೆ ಕಲಿಸುವುದೂ ತಪ್ಪು. ಮಾತುಕತೆ ಏನಿದ್ದರೂ ‘ಹಾಂಗ್’ ವರ್ತಕರ, ಅಂದರೆ ಸರ್ಕಾರ ಪರವಾನಗಿ ಕೊಟ್ಟ ಚೀನೀ ವರ್ತಕರ ಮೂಲಕ. ಪರಂಗಿ ಸಾಲ ತೀರಿಸದಿದ್ದರೆ, ಕುಡಿದು ಗಲಾಟೆ ಮಾಡಿದರೆ, ಅವನಿಗೆ ಜಾಮೀನು ನಿಂತ ಹಾಂಗ್ ವರ್ತಕನೇ ಹೊಣೆ. ಸರ್ಕಾರ ಕೈ ಕೊಳೆ ಮಾಡಿಕೊಳ್ಳದೆ ಸುಂಕ ಎಣಿಸುತ್ತಿತ್ತು.

ಈ ಪದ್ಧತಿಯನ್ನು ಪಠ್ಯಗಳು ಮೂರ್ಖತನ ಎಂಬಂತೆ ತೋರಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. 80 ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು, ಎರಡೂ ಕಡೆಯವರು ದುಡ್ಡು ಮಾಡಿದರು. ಹಾಂಗ್ ವರ್ತಕ ವು ಬಿಂಗ್‌ಜಿಯಾನ್ ಆಗಿನ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬನಾಗಿದ್ದ. ಯುರೋಪಿನವರು ಹೌಕ್ವಾ ಎನ್ನುತ್ತಿದ್ದುದು ಇವನನ್ನೇ.

ಮಂಗಳೂರಿನಿಂದ ಬೀಜಿಂಗಿಗೆ

1793ರಲ್ಲಿ ದೊರೆ ಚಿಯನ್‌ಲಾಂಗ್‌ನನ್ನು ಕಾಣಲು ಬಂದ ಬ್ರಿಟಿಷ್ ರಾಯಭಾರಿ ಲಾರ್ಡ್ ಮೆಕಾರ್ಟ್ನಿ. ಈ ಹೆಸರು ನಮಗೆ ಹೊಸದಲ್ಲ. ಟಿಪ್ಪು ಜೊತೆ 1784ರಲ್ಲಿ ಮಂಗಳೂರು ಒಪ್ಪಂದ ಆದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಇವನೇ. ಆ ಮಾತುಕತೆಗೆ ಮಂಗಳೂರಿಗೆ ಬಂದಿದ್ದ ಜಾರ್ಜ್ ಸ್ಟಾಂಟನ್ ಈಗ ಚೀನಾಕ್ಕೂ ಅವನ ಕಾರ್ಯದರ್ಶಿಯಾಗಿ ಬಂದಿದ್ದ. ಸ್ಟಾಂಟನ್‌ನ 12 ವರ್ಷದ ಮಗ ಹಡಗಿನಲ್ಲೇ ಚೀನೀ ಭಾಷೆ ಕಲಿತು ದೊರೆಯ ಮುಂದೆ ನಾಲ್ಕು ಮಾತಾಡಿದ, ದೊರೆ ಖುಷಿಯಾಗಿ ಸೊಂಟದ ಚೀಲ ಬಿಚ್ಚಿ ಕೊಟ್ಟ.

ಬ್ರಿಟಿಷರ ಬೇಡಿಕೆ ಇಷ್ಟು: ಬೀಜಿಂಗಿನಲ್ಲಿ ಕಾಯಂ ರಾಯಭಾರಿ, ಬೇರೆ ಬಂದರುಗಳು, ಸರಕು ಇಡಲು ಒಂದು ದ್ವೀಪ. ಒಂದನ್ನೂ ಕೊಡಲಿಲ್ಲ. ನೆಲಕ್ಕೆ ಹಣೆ ಮುಟ್ಟಿಸುವ ನಮಸ್ಕಾರದ ಜಗಳವನ್ನು ಎಲ್ಲರೂ ಚಪ್ಪರಿಸಿ ಹೇಳುತ್ತಾರೆ. ನಿಮ್ಮ ವಸ್ತುಗಳು ನಮಗೆ ಬೇಕಿಲ್ಲ ಎಂದು ದೊರೆ ಬರೆಸಿದ ಪತ್ರವನ್ನು ಅವನ ಅಹಂಕಾರಕ್ಕೆ ಸಾಕ್ಷಿ ಅನ್ನುತ್ತಾರೆ. ಆದರೆ ಅದೇ ದೊರೆ ಅದೇ ಹೊತ್ತಿಗೆ ಕರಾವಳಿಯ ಅಧಿಕಾರಿಗಳಿಗೆ ಎಚ್ಚರದಿಂದಿರಿ, ಕಾವಲು ಬಿಗಿ ಮಾಡಿ ಎಂದು ಆಜ್ಞೆ ಕಳಿಸಿದ್ದ. ಪತ್ರದಲ್ಲಿ ಗತ್ತು, ಒಳಗೆ ಅಳುಕು. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ.

ಬೆಳ್ಳಿ ತಿರುಗಿ ಹರಿದಾಗ

ಚಹಾಕ್ಕೆ ಬ್ರಿಟಿಷರು ಬೆಳ್ಳಿ ಸುರಿಯಬೇಕಿತ್ತು. ಕೊಡಲು ಬೇರೇನೂ ಇರಲಿಲ್ಲ, ಸ್ವಲ್ಪ ಹತ್ತಿ ಬಿಟ್ಟರೆ. ಅದಕ್ಕೆ ಸಿಕ್ಕ ದಾರಿ ಭಾರತದ ಅಫೀಮು. ಪಟ್ನಾ, ಬನಾರಸ್ ಕಡೆಯ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿತ್ತು. ಮಾಳವದ್ದು ಬಾಂಬೆಯಿಂದ ಹೋಗುತ್ತಿತ್ತು. ಚೀನಾದ ಕಡಲಿಗೆ ಒಯ್ಯುವವರು ಖಾಸಗಿ ವರ್ತಕರು. ಕಂಪನಿ ತನ್ನ ಹಡಗಿನಲ್ಲಿ ಒಯ್ಯುತ್ತಿರಲಿಲ್ಲ, ಹಾಗಾಗಿ ನಮಗೇನೂ ಗೊತ್ತಿಲ್ಲ ಎನ್ನಬಹುದಿತ್ತು.

ಚೀನಾ ಇದನ್ನು 1729ರಿಂದಲೇ ನಿಷೇಧಿಸುತ್ತಾ ಬಂದಿತ್ತು. ತಡವಾಗಿ ಎಚ್ಚೆತ್ತರು ಎನ್ನುವುದು ತಪ್ಪು. ಕಾನೂನು ಇತ್ತು, ಜಾರಿ ಮಾಡುವವರು ಲಂಚ ತಿಂದರು. 1830ರ ದಶಕದ ಕೊನೆಗೆ ವರ್ಷಕ್ಕೆ 30,000ಕ್ಕೂ ಮೀರಿ ಪೆಟ್ಟಿಗೆಗಳು ಬರುತ್ತಿದ್ದವು. ಈಗ ಬೆಳ್ಳಿ ಚೀನಾದಿಂದ ಹೊರಗೆ ಹರಿಯತೊಡಗಿತು.

ಇದು ರೈತನಿಗೆ ಹೇಗೆ ತಟ್ಟಿತು ನೋಡಿ. ಅವನ ಕೈಗೆ ಬರುವುದು ತಾಮ್ರದ ಕಾಸು, ಕಂದಾಯ ಲೆಕ್ಕ ಹಾಕುವುದು ಬೆಳ್ಳಿಯಲ್ಲಿ. ಬೆಳ್ಳಿ ತೂಗುವ ಅಳತೆ ತೇಲ್. ಸರ್ಕಾರಿ ದರದಲ್ಲಿ ಒಂದು ತೇಲ್ ಬೆಳ್ಳಿಗೆ 1000 ಕಾಸು. 1838ರ ಹೊತ್ತಿಗೆ 1600 ದಾಟಿತ್ತು. ತೆರಿಗೆ ಏರಿಸದೆಯೇ ತೆರಿಗೆ ಒಂದೂವರೆಪಟ್ಟು! ಲ್ಯಾಟಿನ್ ಅಮೆರಿಕದ ಸ್ವಾತಂತ್ರ್ಯ ಯುದ್ಧಗಳಿಂದ ಗಣಿಗಳು ಸೊರಗಿ ಬೆಳ್ಳಿ ಕಡಿಮೆಯಾಗಿದ್ದೂ ಒಂದು ಕಾರಣ, ಎಲ್ಲವನ್ನೂ ಅಫೀಮಿನ ತಲೆಗೆ ಕಟ್ಟಬೇಡಿ.

ಆಸ್ಥಾನದಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. 1836ರಲ್ಲಿ ಶು ನೈಜಿ ಎಂಬ ಅಧಿಕಾರಿ, ಅಫೀಮನ್ನು ಕಾನೂನುಬದ್ಧ ಮಾಡಿ ಸುಂಕ ಹಾಕೋಣ ಎಂದ. 1838ರಲ್ಲಿ ಹುವಾಂಗ್ ಜುವೆಝಿ, ಸೇದುವವರಿಗೆ ಮರಣದಂಡನೆ ಕೊಡಿ ಎಂದ. ದೊರೆ ದಾವೋಗುವಾಂಗ್ ಬಿಗಿ ಪಕ್ಷಕ್ಕೆ ಒಲಿದು ಲಿನ್ ಝೆಶು ಎಂಬ ಅಧಿಕಾರಿಯನ್ನು ಕಳಿಸಿದ. ಲಿನ್ 1839ರ ಮಾರ್ಚಿನಲ್ಲಿ ಕ್ಯಾಂಟನ್‌ಗೆ ಬಂದು ಪರಂಗಿ ಮಳಿಗೆಗಳಿಗೆ ದಿಗ್ಬಂಧನ ಹಾಕಿದ. ಬ್ರಿಟಿಷ್ ಅಧಿಕಾರಿ ಎಲಿಯಟ್ ನಷ್ಟವನ್ನು ರಾಣಿಯ ಸರ್ಕಾರ ತುಂಬುತ್ತದೆ ಎಂದು ಮಾತು ಕೊಟ್ಟು ಮಾಲು ಒಪ್ಪಿಸಿದ. ಖಾಸಗಿಯವರ ಕಳ್ಳಮಾಲು ಆ ಮಾತಿನಿಂದ ರಾಣಿಯ ಆಸ್ತಿಯಾಯಿತು. ಮೊದಲ ಅಫೀಮು ಯುದ್ಧದ ಬೀಜ ಇದು.

ಒಟ್ಟು 20,283 ಪೆಟ್ಟಿಗೆ. ಹುಮೆನ್ ಎಂಬಲ್ಲಿ ಹೊಂಡ ತೋಡಿ, ನೀರು, ಉಪ್ಪು, ಸುಣ್ಣ ಹಾಕಿ ಕದಡಿ, ಜೂನ್ 3ರಿಂದ ಮೂರು ವಾರಕ್ಕೂ ಮಿಕ್ಕಿ ಕಡಲಿಗೆ ಬಿಟ್ಟರು. ಅದಕ್ಕೆ ಮೊದಲು ಲಿನ್ ಸಮುದ್ರ ದೇವರಿಗೆ ಪೂಜೆ ಸಲ್ಲಿಸಿ, ಈ ವಿಷ ನಿನ್ನಲ್ಲಿಗೆ ಬರುತ್ತಿದೆ, ಜಲಚರಗಳಿಗೆ ಸ್ವಲ್ಪ ದೂರ ಸರಿಯಲು ಹೇಳು ಎಂದು ಬೇಡಿಕೊಂಡ. ಇಡೀ ಅಧ್ಯಾಯದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು.

1840ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಸರ್ಕಾರದ ಚೀನಾ ನೀತಿಯನ್ನು ಖಂಡಿಸುವ ನಿರ್ಣಯ ಬರೀ 9 ಮತಗಳಿಂದ ಸೋತಿತು. ಸರ್ಕಾರದ ಪರ ಮಾತಾಡಿದವರಲ್ಲಿ ಆ ಹಡಗಿನ ಹುಡುಗ, ಈಗ ಸರ್ ಜಾರ್ಜ್ ಸ್ಟಾಂಟನ್, ಕೂಡ ಇದ್ದ. ದಂಡಿನಲ್ಲಿ ಭಾರತದ ಸಿಪಾಯಿಗಳೂ ಹೋದರು. ಇಂದು ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿರುವ ಮದ್ರಾಸ್ ಸ್ಯಾಪರ್ಸ್ ಪಡೆಗೆ ಆ ಯುದ್ಧದ ಬಿರುದು ಇದೆ.

ನಡುಮನೆಗೆ ನುಗ್ಗಿದ ಮೇಲೆ

1842ರ ಜುಲೈನಲ್ಲಿ ಬ್ರಿಟಿಷರು ಝೆನ್‌ಜಿಯಾಂಗ್ ಹಿಡಿದು, ಬೀಜಿಂಗಿಗೆ ಅಕ್ಕಿ ಸಾಗುವ ಮಹಾಕಾಲುವೆಗೆ ಅಡ್ಡ ನಿಂತರು. ಮಕಾವ್‌ನ ಗೋಡೆಬಾಗಿಲಿನ ತಂತ್ರ ಈಗ ತಿರುಗುಬಾಣ. ಆಗಸ್ಟ್ 29ರ ನಾನ್‌ಜಿಂಗ್ ಒಪ್ಪಂದದಲ್ಲಿ 5 ಬಂದರು, ಹಾಂಗ್‌ಕಾಂಗ್, 2 ಕೋಟಿ 10 ಲಕ್ಷ ಡಾಲರ್ ಕೊಡಬೇಕಾಯಿತು. ಹಾಂಗ್ ವರ್ತಕರ ಪದ್ಧತಿಯೂ ಹೋಯಿತು. ಅಫೀಮಿನ ವ್ಯಾಪಾರದ ಬಗ್ಗೆ ಅದರಲ್ಲಿ ಒಂದು ಮಾತಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಅಂಶ: ಬ್ರಿಟಿಷರ ವಿಚಾರಣೆ ಬ್ರಿಟಿಷರೇ ಮಾಡಿಕೊಳ್ಳುವ ಹಕ್ಕು, ಬೇರೆಯವರಿಗೆ ಕೊಟ್ಟ ಸವಲತ್ತು ತಮಗೂ ಸಿಗಬೇಕೆಂಬ ಷರತ್ತು, ಇವು 1843ರ ಪೂರಕ ಒಪ್ಪಂದಕ್ಕೆ ಸೇರಿದವು. ಚಿಂಗ್ ಅಧಿಕಾರಿಗಳು ಇವನ್ನು ಅಷ್ಟು ದೊಡ್ಡ ನಷ್ಟ ಎಂದುಕೊಳ್ಳಲಿಲ್ಲ. 1835ರಲ್ಲೇ ಪಶ್ಚಿಮ ಗಡಿಯ ಕಾಶ್ಗರ್ ಕಡೆ, ಮಧ್ಯ ಏಷ್ಯಾದ ಕೋಕಂದ್ ವರ್ತಕರಿಗೆ ಇಂಥದ್ದೇ ಸವಲತ್ತು ಕೊಟ್ಟಿದ್ದರು. ಅವರ ಜಗಳ ಅವರೇ ಬಗೆಹರಿಸಿಕೊಳ್ಳಲಿ, ನಮಗೇಕೆ ತಲೆನೋವು ಎನ್ನುವ ಹಳೇ ಜಗಲಿ ಲೆಕ್ಕ. ಆದರೆ ಈ ಸಲದ ಅತಿಥಿ ಎದ್ದು ಹೋಗುವವನಾಗಿರಲಿಲ್ಲ.

ಕಲಿತದ್ದು, ಕಿತ್ತು ಹಾಕಿದ್ದು

ಯುದ್ಧದ ತಪ್ಪು ತಲೆಗೆ ಬಂದು ಗಡೀಪಾರಾಗಿ ಹೊರಟ ಲಿನ್ ತಾನು ಅನುವಾದ ಮಾಡಿಸಿದ್ದ ಕಾಗದಗಳನ್ನೆಲ್ಲ ಗೆಳೆಯ ವೇಯ್ ಯುವಾನ್‌ಗೆ ಕೊಟ್ಟ. ಪರಕೀಯರ ಕೌಶಲ ಕಲಿತು ಪರಕೀಯರನ್ನೇ ಹತೋಟಿಗೆ ತರೋಣ ಎಂಬ ವೇಯ್ ಯುವಾನ್‌ನ ವಾದ ಅಲ್ಲಿಂದ ಬಂತು. ಅವನ ಪುಸ್ತಕವನ್ನು ಹೆಚ್ಚು ಗಂಭೀರವಾಗಿ ಓದಿದವರು ಜಪಾನಿನವರು ಎನ್ನುವುದು ವ್ಯಂಗ್ಯ.

ನಡುವೆ ಚಿಂಗ್ ಆಳ್ವಿಕೆಯ ವಿರುದ್ಧ ಎದ್ದ ತೈಪಿಂಗ್ ದಂಗೆ ಕೋಟಿಗಟ್ಟಲೆ ಜನರನ್ನು ಬಲಿ ತಗೊಂಡಿತು. 1860ರಲ್ಲಿ, ಎರಡನೇ ಅಫೀಮು ಯುದ್ಧದಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಸೇನೆ ಬೀಜಿಂಗಿನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿತು. ಅದನ್ನು ಸುಡಿಸಿದ ಲಾರ್ಡ್ ಎಲ್ಗಿನ್ ಎರಡೇ ವರ್ಷಕ್ಕೆ ಭಾರತದ ವೈಸ್‌ರಾಯ್ ಆದ. ಆಮೇಲೆ ರಾಜಕುಮಾರ ಗೊಂಗ್, ಝೆಂಗ್ ಗುವೊಫಾನ್, ಲಿ ಹಾಂಗ್‌ಝಾಂಗ್ ಮುಂದಾಳತ್ವದಲ್ಲಿ ‘ಸ್ವಬಲವರ್ಧನೆ’ ಶುರುವಾಯಿತು. 1862ರಲ್ಲಿ ಭಾಷಾ ಶಾಲೆ, 1865ರಲ್ಲಿ ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರ, 1866ರಲ್ಲಿ ಫುಝೌ ಹಡಗುಕಟ್ಟೆ. 1872ರಿಂದ 120 ಹುಡುಗರನ್ನು ಅಮೆರಿಕಕ್ಕೆ ಓದಲು ಕಳಿಸಿದರು, 1881ರಲ್ಲಿ ಅರ್ಧಕ್ಕೇ ವಾಪಸ್ ಕರೆಸಿದರು.

1864ರ ಒಂದು ಘಟನೆ ಪಠ್ಯಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಪ್ರಷ್ಯಾದ ಹಡಗು ಚೀನಾದ ಕಡಲಲ್ಲಿ ಡೆನ್ಮಾರ್ಕಿನ ಹಡಗುಗಳನ್ನು ಹಿಡಿಯಿತು. ಆಗಷ್ಟೇ ಅಂತರರಾಷ್ಟ್ರೀಯ ಕಾನೂನಿನ ಪುಸ್ತಕವೊಂದು ಚೀನೀ ಭಾಷೆಗೆ ಅನುವಾದವಾಗಿತ್ತು. ಚಿಂಗ್ ಅಧಿಕಾರಿಗಳು ಆ ನಿಯಮಗಳನ್ನೇ ಮುಂದಿಟ್ಟು ವಾದಿಸಿದರು. ಪ್ರಷ್ಯಾ ಹಡಗು ಬಿಟ್ಟು ಪರಿಹಾರವನ್ನೂ ಕೊಟ್ಟಿತು. ಗುಂಡು ಹಾರಿಸದೆ ಗೆದ್ದ ಕೇಸು.

ಇನ್ನೊಂದು ಉಲ್ಟಾ ಕಥೆ. 1876ರಲ್ಲಿ ಬ್ರಿಟಿಷ್ ವರ್ತಕರು ಅನುಮತಿ ಇಲ್ಲದೆ ಶಾಂಘೈನಿಂದ ವುಸೊಂಗ್‌ವರೆಗೆ ರೈಲು ಹಾಕಿದರು. ಸರ್ಕಾರ ಅದನ್ನು ದುಡ್ಡು ಕೊಟ್ಟು ಕೊಂಡು, ಮರುವರ್ಷ ಹಳಿ ಕಿತ್ತುಹಾಕಿತು. ಮೂಢತನ ಎಂದು ನಗುವುದು ಸುಲಭ. ಕೇಳದೆ ನಮ್ಮ ಹೊಲದಲ್ಲಿ ಯಾರೋ ಕಂಬ ನೆಟ್ಟರೆ ನಾವೇನು ಮಾಡುತ್ತೇವೆ?

1895ರಲ್ಲಿ ಜಪಾನ್ ಎದುರು ಸೋತದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟು, 20 ಕೋಟಿ ತೇಲ್ ದಂಡ, ತೈವಾನ್ ನಷ್ಟ. 1898ರಲ್ಲಿ ವಿದ್ವಾಂಸ ಕಾಂಗ್ ಯೂವೇಯ್ ಮಾತು ಕೇಳಿ ದೊರೆ ನೂರು ದಿನ ಸುಧಾರಣೆ ಮಾಡಿದ, ರಾಜಮಾತೆ ತ್ಸಿಶಿ ದೊರೆಯನ್ನು ಅರಮನೆಯಲ್ಲೇ ಕೂಡಿಹಾಕಿದಳು. 1900ರಲ್ಲಿ ಪರಕೀಯರ ವಿರುದ್ಧ ಬಾಕ್ಸರ್ ದಂಗೆ, 8 ದೇಶಗಳ ಸೇನೆ, 45 ಕೋಟಿ ತೇಲ್ ದಂಡ. ಇವು ಎಲ್ಲ ಪುಸ್ತಕದಲ್ಲೂ ಇವೆ, ಅಲ್ಲೇ ಓದಿಕೊಳ್ಳಿ.

ಅಷ್ಟಾಗಿ ಓದದಿರುವುದು ಆಮೇಲಿನ ಪ್ರತಿರೋಧದ ಬಗೆ. 1905ರಲ್ಲಿ ಚೀನೀಯರಿಗೆ ವಲಸೆ ನಿರ್ಬಂಧಿಸಿದ ಅಮೆರಿಕದ ಸರಕನ್ನು ವರ್ತಕರು, ವಿದ್ಯಾರ್ಥಿಗಳು ಬಹಿಷ್ಕರಿಸಿದರು. ಅದೇ ವರ್ಷ ಬಂಗಾಳದಲ್ಲೂ ಸ್ವದೇಶಿ ಚಳವಳಿ ಶುರುವಾಗಿತ್ತು. 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ, ಚೀನಾದ ಶಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಕೊಟ್ಟಾಗ ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಆಸ್ಥಾನದ ಕೈಯಲ್ಲಿದ್ದ ವಿಷಯ ಈಗ ಅಂಗಡಿ, ಶಾಲೆ, ಬೀದಿಗೆ ಬಂದಿತ್ತು.

ತಮ್ಮವರನ್ನು ತಾವೇ ವಿಚಾರಿಸುವ ಹಕ್ಕನ್ನು ಬ್ರಿಟನ್, ಅಮೆರಿಕ ಬಿಟ್ಟುಕೊಟ್ಟಿದ್ದು 1943ರಲ್ಲಿ, ಜಪಾನ್ ವಿರುದ್ಧ ಚೀನಾ ಅವರ ಮಿತ್ರನಾಗಿದ್ದಾಗ. ಹಾಂಗ್‌ಕಾಂಗ್ ಮರಳಿದ್ದು 1997ರಲ್ಲಿ. ಬಾಡಿಗೆಗೆ ಕೊಟ್ಟಿದ್ದ ಆ ಮೊದಲ ಜಗಲಿ, ಮಕಾವ್, ಎಲ್ಲಕ್ಕಿಂತ ಕೊನೆಗೆ, 1999ರ ಡಿಸೆಂಬರ್ 20ರಂದು.