ಹನ್ನೆರಡು ಸಂಜೆಗಳ ವ್ಯಾಪಾರ: ಇಂಡೋರ್ ಸಾಕರ್ ತಂಡಗಳು ಏಕೆ ಮುಳುಗುತ್ತವೆ

1987ರ ಜೂನ್‌ನಲ್ಲಿ ಅಮೆರಿಕದ ಟಕೋಮಾ ಡೋಮ್‌ನಲ್ಲಿ 21,728 ಜನ ಸೇರಿ ಒಂದು ಇಂಡೋರ್ ಸಾಕರ್, ಅಂದರೆ ಸಭಾಂಗಣದೊಳಗಿನ ಫುಟ್‌ಬಾಲ್, ಪಂದ್ಯ ನೋಡಿದರು. ಅದು ಮೇಜರ್ ಇಂಡೋರ್ ಸಾಕರ್ ಲೀಗ್‌ನ ಫೈನಲ್ ಸರಣಿಯ ಏಳನೇ ಪಂದ್ಯ. ಡಲ್ಲಾಸ್ ಸೈಡ್‌ಕಿಕ್ಸ್ ತಂಡ ಹೆಚ್ಚುವರಿ ಸಮಯದಲ್ಲಿ ಟಕೋಮಾ ಸ್ಟಾರ್ಸ್ ತಂಡವನ್ನು ಸೋಲಿಸಿತು. ಐದು ವರ್ಷ ದಾಟುವಷ್ಟರಲ್ಲಿ ಟಕೋಮಾ ತಂಡವೂ ಇರಲಿಲ್ಲ, ಲೀಗೂ ಇರಲಿಲ್ಲ. ಜನ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ಆಟ ಸೋತಿತು ಎನ್ನುವವರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು. ಇಂಡೋರ್ ಸಾಕರ್ ಬಹುತೇಕ ಸೋತಿರುವುದು ಅಂಗಳದಲ್ಲಲ್ಲ, ಬಾಡಿಗೆ ಕರಾರಿನಲ್ಲಿ.

ಮೊದಲು ಆಟದ ಸ್ವರೂಪ. ಐಸ್ ಹಾಕಿ ಆಡುವ ಅಂಗಳದ ಅಳತೆಯೇ ಇದಕ್ಕೂ: ಸುಮಾರು 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ಹಲಗೆಯ ಗೋಡೆ, ಅದರ ಮೇಲೆ ಪಾರದರ್ಶಕ ಫಲಕ. ಗೋಲ್‌ಕೀಪರ್ ಸೇರಿ ತಂಡಕ್ಕೆ ಆರು ಜನ, 15 ನಿಮಿಷಗಳ ನಾಲ್ಕು ಅವಧಿ. ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೂ ಆಟ ನಿಲ್ಲುವುದಿಲ್ಲ, ಗೋಲುಗಳು ಧಾರಾಳ. 1974ರಲ್ಲಿ ಫಿಲಡೆಲ್ಫಿಯಾ ಆಟಮ್ಸ್ ತಂಡ ಸೋವಿಯತ್ ಸೇನೆಯ ತಂಡದೊಡನೆ ಸಭಾಂಗಣದೊಳಗೆ ಆಡಿದ ಪ್ರದರ್ಶನ ಪಂದ್ಯಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಅದನ್ನು ಕಂಡ ಉದ್ಯಮಿ ಎಡ್ ಟೆಪ್ಪರ್ ಮುಂದೆ ಅರ್ಲ್ ಫೋರ್‌ಮನ್ ಜೊತೆಗೂಡಿ ಮೇಜರ್ ಇಂಡೋರ್ ಸಾಕರ್ ಲೀಗ್ ಕಟ್ಟಿದರು. 1978ರ ಡಿಸೆಂಬರ್‌ನಲ್ಲಿ ಆರು ತಂಡಗಳೊಂದಿಗೆ ಅದು ಶುರುವಾಯಿತು. ಸೇಂಟ್ ಲೂಯಿಸ್ ಸ್ಟೀಮರ್ಸ್ ತಂಡ 80ರ ದಶಕದ ಆರಂಭದಲ್ಲಿ ಒಂದು ಋತುವಿಗೆ ಸರಾಸರಿ 17,000ಕ್ಕೂ ಹೆಚ್ಚು ಜನರನ್ನು ಸೆಳೆದದ್ದೂ ಉಂಟು. ಆ ತಂಡವೂ 1988ರಲ್ಲಿ ಬಾಗಿಲು ಹಾಕಿತು.

ಹಾಗಾದರೆ ದುಡ್ಡು ಎಲ್ಲಿ ಸೋರುತ್ತದೆ? ಇವತ್ತಿನ ಮಧ್ಯಮ ಗಾತ್ರದ ತಂಡವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕೋಣ. ಇಲ್ಲಿರುವುದು ಯಾವುದೇ ನಿಜ ತಂಡದ ಜಮಾಖರ್ಚಲ್ಲ. ಹರಿವು ತಿಳಿಯಲಿ ಎಂದು ನಾನೇ ಇಟ್ಟುಕೊಂಡ ದುಂಡು ಅಂಕಿಗಳು.

ಋತುವಿಗೆ 24 ಪಂದ್ಯವಾದರೆ ತವರಿನಲ್ಲಿ 12. ಮೈಕಿನಲ್ಲಿ 4,500 ಪ್ರೇಕ್ಷಕರೆಂದು ಘೋಷಿಸುತ್ತಾರೆ. ಅದು ಹಂಚಿದ ಟಿಕೆಟ್‌ಗಳ ಸಂಖ್ಯೆ. ಒಳಗೆ ಕಾಲಿಟ್ಟವರು 3,500, ಕಾಸು ಕೊಟ್ಟವರು 2,500. ತೆರಿಗೆ ಕಳೆದು ಸರಾಸರಿ 16 ಡಾಲರ್ ಬಂದರೆ ಒಂದು ಸಂಜೆಯ ಗೇಟ್ ಕಲೆಕ್ಷನ್ 40,000, ಋತುವಿಗೆ 4.8 ಲಕ್ಷ ಡಾಲರ್. ಬಾಡಿಗೆ, ಕಾವಲು, ಬಾಗಿಲು ಕಾಯುವವರು, ಟಿಕೆಟ್ ಕಂಪನಿಯ ಕಮಿಷನ್, ಟರ್ಫ್ (ಕೃತಕ ಹುಲ್ಲುಹಾಸು) ಹಾಸಿ ಎತ್ತುವ ಕೂಲಿ ಎಲ್ಲ ಸೇರಿ ಸಂಜೆಗೆ 20,000 ಹೋದರೆ ಕೈಯಲ್ಲಿ ಉಳಿಯುವುದು 2.4 ಲಕ್ಷ. ಇಪ್ಪತ್ತು ಆಟಗಾರರಿಗೆ ತಿಂಗಳಿಗೆ 2,500ರಂತೆ ಐದು ತಿಂಗಳ ಸಂಬಳವೇ 2.5 ಲಕ್ಷ. ಅಂದರೆ ವಿಮಾನ ಹತ್ತುವ ಮೊದಲೇ ಗೇಟ್ ಹಣ ಖಾಲಿ.

ಇನ್ನು ಹೊರಗಿನ 12 ಪಂದ್ಯ. 22 ಜನರ ವಿಮಾನ ಟಿಕೆಟ್, ಎರಡು ರಾತ್ರಿ ಹೋಟೆಲ್, ಊಟ, ಬಸ್ಸು ಸೇರಿ ಪ್ರತಿ ಪ್ರವಾಸಕ್ಕೆ 14,000 ಹಿಡಿದರೆ 1.68 ಲಕ್ಷ. ಕಚೇರಿಯಲ್ಲಿ ಟಿಕೆಟ್ ಮಾರುವವರು, ಪ್ರಾಯೋಜಕರನ್ನು ಹುಡುಕುವವರು, ಲೆಕ್ಕ ಬರೆಯುವವರು ಎಂದು ಎಂಟು ಜನಕ್ಕೆ ವರ್ಷಕ್ಕೆ 3.6 ಲಕ್ಷ. ಆಟಗಾರರ ಗಾಯಕ್ಕೆ ಕಡ್ಡಾಯವಾಗಿ ಮಾಡಿಸಬೇಕಾದ ವಿಮೆಗೆ 1 ಲಕ್ಷ. ಲೀಗ್ ಶುಲ್ಕ, ಪ್ರಚಾರ, ಕೋಚ್, ಫಿಸಿಯೋಗೆ 1.5 ಲಕ್ಷ. ಎಲ್ಲ ಕೂಡಿದರೆ ಗೇಟ್ ಹಣ ಹೋಗಿ ಇನ್ನೂ 7.88 ಲಕ್ಷ ಬೇಕು. ಪ್ರಾಯೋಜಕರಿಂದ 3.5 ಲಕ್ಷ ತಂದರೂ 4.38 ಲಕ್ಷ ಡಾಲರ್ ಮಾಲೀಕನ ಜೇಬಿನಿಂದಲೇ ಬರಬೇಕು.

ಈಗ ಇದೇ ಲೆಕ್ಕದಲ್ಲಿ ಒಂದೇ ಒಂದನ್ನು ಬದಲಿಸಿ: ಕಟ್ಟಡ ತಂಡದ ಮಾಲೀಕನದೇ ಎಂದುಕೊಳ್ಳಿ. ಒಳಗೆ ಬಂದ 3,500 ಜನ ತಲೆಗೆ 8 ಡಾಲರ್ ತಿಂಡಿ, ಬಿಯರ್‌ಗೆ ಖರ್ಚು ಮಾಡಿದರೆ ಋತುವಿಗೆ 3.36 ಲಕ್ಷ. ಸಾಮಗ್ರಿ, ಕೂಲಿ ಎಂದು ಅರ್ಧ ಕಳೆದರೂ 1.68 ಲಕ್ಷ ಉಳಿಯುತ್ತದೆ. ಸಂಜೆಗೆ 1,150 ಕಾರು, ಕಾರಿಗೆ 10 ಡಾಲರ್ ಪಾರ್ಕಿಂಗ್ ಎಂದರೆ 1.38 ಲಕ್ಷ. ಎರಡೂ ಸೇರಿ 3.06 ಲಕ್ಷ. ನಷ್ಟ 1.32 ಲಕ್ಷಕ್ಕೆ ಇಳಿಯಿತು. ಆಟಗಾರರೂ ಅವರೇ, ಜನರೂ ಅಷ್ಟೇ. ಬಾಡಿಗೆದಾರನಾದ ತಂಡ ಜನರನ್ನು ಕರೆತರುವ ಖರ್ಚನ್ನೆಲ್ಲ ತಾನು ಹೊತ್ತು, ಬಂದವರ ಜೇಬಿನ ಹಣವನ್ನು ಕಟ್ಟಡದವರಿಗೆ ಬಿಟ್ಟುಕೊಡುತ್ತದೆ. ನನ್ನ ಮಟ್ಟಿಗೆ ಈ ವ್ಯಾಪಾರದ ಮೂಲ ರೋಗ ಇದು. ಉಳಿದವೆಲ್ಲ ಅದರ ಮೇಲೆ ಕೂತ ಕಾಯಿಲೆಗಳು.

ನ್ಯೂಯಾರ್ಕ್ ರಾಜ್ಯದ ಯುಟಿಕಾದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. 2018ರಲ್ಲಿ ಸಿರಾಕ್ಯೂಸ್‌ನ ತಂಡ ಯುಟಿಕಾಗೆ ಬಂದು ಯುಟಿಕಾ ಸಿಟಿ ಎಫ್‌ಸಿ ಆಯಿತು. ಅಲ್ಲಿನ ಅರೇನಾವನ್ನೂ ಐಸ್ ಹಾಕಿ ತಂಡವನ್ನೂ ನಡೆಸುವವರೇ ಸಾಕರ್ ತಂಡದಲ್ಲಿ ಪಾಲುದಾರರಾದರು. ಸಭಾಂಗಣದ ಸೀಟು ನಾಲ್ಕು ಸಾವಿರದ ಆಸುಪಾಸು. ಸಣ್ಣ ಊರು, ಸಣ್ಣ ಹಾಲ್, ಆದರೆ ಕಚೇರಿ ಸಿಬ್ಬಂದಿ, ಟಿಕೆಟ್ ವ್ಯವಸ್ಥೆ, ಕ್ಯಾಂಟೀನ್ ಇವನ್ನೆಲ್ಲ ಎರಡು ತಂಡಗಳ ನಡುವೆ ಹಂಚಿಕೊಳ್ಳಬಹುದು. ಬಾಲ್ಟಿಮೋರ್ ಬ್ಲಾಸ್ಟ್ 2017ರಲ್ಲಿ ನಗರದ ನಡುವಿನ ದೊಡ್ಡ ಅರೇನಾ ಬಿಟ್ಟು ಟೌಸನ್ ವಿಶ್ವವಿದ್ಯಾಲಯದ ಚಿಕ್ಕ ಸಭಾಂಗಣಕ್ಕೆ ಹೋಯಿತು. ಅಭಿಮಾನಿಗಳಿಗೆ ಇಂಥದ್ದು ಹಿಂಬಡ್ತಿಯಂತೆ ಕಾಣುತ್ತದೆ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ: ಹನ್ನೊಂದು ಸಾವಿರ ಸೀಟಿನಲ್ಲಿ ನಾಲ್ಕು ಸಾವಿರ ಜನ ಕೂತರೆ ಹಾಲ್ ಭಣಗುಟ್ಟುತ್ತದೆ, ಮುಂಗಡ ಟಿಕೆಟ್ ಕೊಳ್ಳುವ ಆತುರವೇ ಯಾರಿಗೂ ಇರುವುದಿಲ್ಲ. ಐದು ಸಾವಿರದ ಹಾಲ್‌ನಲ್ಲಿ ಅದೇ ಜನ ಕೂತರೆ ಬೆಲೆ ಏರಿಸಲು ಧೈರ್ಯ ಬರುತ್ತದೆ.

ಬಾಡಿಗೆದಾರನ ಇನ್ನೊಂದು ಕಷ್ಟ ದಿನಾಂಕ. ಅಮೆರಿಕದ ಎರಡನೇ ಹಂತದ ಐಸ್ ಹಾಕಿ ಲೀಗ್‌ನ ಒಂದು ತಂಡ ಋತುವಿನಲ್ಲಿ ತವರಿನಲ್ಲೇ 36 ಪಂದ್ಯ ಆಡುತ್ತದೆ. ಅಲ್ಲಿನ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವಾದರೆ 41. ವರ್ಷಕ್ಕೆ 12 ಸಂಜೆ ಕೊಳ್ಳುವ ಗಿರಾಕಿಗೆ ಕಟ್ಟಡದ ಮ್ಯಾನೇಜರ್ ಶುಕ್ರವಾರ, ಶನಿವಾರ ಕೊಡುವುದಿಲ್ಲ. ಹಾಕಿ, ಸಂಗೀತ ಕಾರ್ಯಕ್ರಮ, ಐಸ್ ಷೋ ಎಲ್ಲ ಮುಗಿದು ಉಳಿದದ್ದು ಸಾಕರ್‌ಗೆ. ಕೆಲವು ಕರಾರುಗಳಲ್ಲಿ ದೊಡ್ಡ ಕಾರ್ಯಕ್ರಮ ಬಂದರೆ ಪಂದ್ಯದ ದಿನ ಬದಲಿಸುವ ಹಕ್ಕೂ ಕಟ್ಟಡದವರಿಗಿರುತ್ತದೆ. ಈ ಆಟದ ನಿಜವಾದ ಗಿರಾಕಿಗಳು ಮಕ್ಕಳ ಸಾಕರ್ ಕ್ಲಬ್‌ಗಳು. ಐವತ್ತು, ನೂರು ಟಿಕೆಟ್ ಒಟ್ಟಿಗೆ ಕೊಳ್ಳುವವರು ಅವರು. ಮಂಗಳವಾರ ರಾತ್ರಿ ಏಳೂವರೆಗೆ ಪಂದ್ಯ ಇಟ್ಟರೆ, ಬೆಳಿಗ್ಗೆ ಶಾಲೆಗೆ ಹೋಗಬೇಕಾದ ಮಗುವನ್ನು ಯಾವ ತಾಯಿ ಕರೆತರುತ್ತಾಳೆ?

ಟರ್ಫ್ ಹಾಸುವ ಕೆಲಸವನ್ನೂ ಹತ್ತಿರದಿಂದ ನೋಡಬೇಕು, ಏಕೆಂದರೆ ಅಲ್ಲಿನ ಅಜಾಗರೂಕತೆ ವಿಮೆಯ ಕಂತಿನಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿ ಐಸ್ ಹಾಕಿ ಪಂದ್ಯ ಮುಗಿದ ಮೇಲೆ ಮಂಜುಗಡ್ಡೆಯನ್ನು ಕರಗಿಸುವುದಿಲ್ಲ. ಅದರ ಮೇಲೆ ಶಾಖ ತಡೆಯುವ ಹಲಗೆಗಳನ್ನು ಜೋಡಿಸಿ, ಮೇಲೆ ಟರ್ಫ್ ಸುರುಳಿಗಳನ್ನು ಬಿಚ್ಚಿ, ಅಂಚುಗಳನ್ನು ಒಂದಕ್ಕೊಂದು ಅಂಟಿಸುತ್ತಾರೆ. ಗೋಲು ಗೋಡೆಯ ಸಾಲಿನಲ್ಲೇ ಕೂರಬೇಕಾದ್ದರಿಂದ ಎರಡೂ ತುದಿಯ ಹಲಗೆಗಳನ್ನು ಬಿಚ್ಚಿ ಅಲ್ಲಿ ಗೋಲಿನ ಚೌಕಟ್ಟು ಕೂರಿಸುತ್ತಾರೆ. ಕೆಳಗಿನ ಹಲಗೆಗಳ ನಡುವೆ ಸಂದು ಉಳಿದರೆ ಮಂಜುಗಡ್ಡೆಯ ತಂಪು ತಟ್ಟಿ ಟರ್ಫಿನ ಆ ಭಾಗ ತೇವವಾಗುತ್ತದೆ. ಅಂಚು ಸರಿಯಾಗಿ ಕೂರದಿದ್ದರೆ ಓಡುವವನ ಬೂಟು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಮೊಣಕಾಲು ತಿರುಚಿದರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವೇತನ ಪರಿಹಾರ, ಮುಂದಿನ ವರ್ಷ ಹೆಚ್ಚಿದ ಕಂತು. ಕೂಲಿ ಉಳಿಸಲು ಆಳು ಕಡಿಮೆ ಮಾಡುವ ತಂಡ ಈ ದಾರಿಯಲ್ಲಿ ದುಪ್ಪಟ್ಟು ಕಳೆದುಕೊಳ್ಳುತ್ತದೆ. ಟರ್ಫ್ ತಂಡದ್ದೇ ಆಗಿದ್ದರೆ ಅದನ್ನು ಒಣಗಿಸಿ ಸುತ್ತಿಡಲು ಒಳ್ಳೆಯ ಜಾಗ ಸಿಗುತ್ತದೆಯೇ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಒದ್ದೆಯಾಗಿ ಸುತ್ತಿಟ್ಟದ್ದು ಬೇಗ ಹಾಳಾಗುತ್ತದೆ.

ತಂಡದ ಲೆಕ್ಕ ಹೀಗಾದರೆ ಲೀಗ್‌ನ ಲೆಕ್ಕ ಇನ್ನೂ ನಾಜೂಕು. ಹತ್ತು ತಂಡಗಳ ಲೀಗ್‌ನಲ್ಲಿ ಒಂಬತ್ತು ಗಟ್ಟಿ, ಒಂದು ದುರ್ಬಲ ಎಂದುಕೊಳ್ಳಿ. ಆ ಒಂದು ಜನವರಿಯಲ್ಲಿ ನಿಂತರೆ ಉಳಿದವರ ವೇಳಾಪಟ್ಟಿಯಲ್ಲಿ ತೂತು ಬೀಳುತ್ತದೆ. ತವರಿನ ಒಂದು ಪಂದ್ಯ ಹೋದರೂ ಸೀಸನ್ ಟಿಕೆಟ್‌ನವರಿಗೆ ಹಣ ವಾಪಸ್, ಗೋಡೆಯ ಮೇಲೆ ಜಾಹೀರಾತು ಹಾಕಿದವರಿಗೆ ರಿಯಾಯಿತಿ, ಆದರೆ ಕಟ್ಟಡದ ಬಾಡಿಗೆ ತಪ್ಪದು. ಇದಕ್ಕೆಂದೇ ಲೀಗ್‌ಗಳು ಬ್ಯಾಂಕ್ ಗ್ಯಾರಂಟಿ ಕೇಳುತ್ತವೆ. ಆದರೆ ಹೊಸ ತಂಡ ಬೇಕೇ ಬೇಕು ಎನ್ನುವ ವರ್ಷ ಅದೇ ಷರತ್ತನ್ನು ಸಡಿಲಿಸುತ್ತವೆ. ಹೊಸಬರು ಕಟ್ಟುವ ಪ್ರವೇಶ ಶುಲ್ಕವನ್ನು ಹಳಬರ ನಿತ್ಯ ಖರ್ಚಿಗೆ ಬಳಸುವ ಚಟ ಒಮ್ಮೆ ಹತ್ತಿದರೆ ಪ್ರತಿ ವರ್ಷ ಹೊಸಬರು ಬರಲೇಬೇಕಾಗುತ್ತದೆ, ಬಂದವರ ಗುಣ ನೋಡುವ ವ್ಯವಧಾನ ಇರುವುದಿಲ್ಲ.

ಮೇಜರ್ ಇಂಡೋರ್ ಸಾಕರ್ ಲೀಗ್‌ನಲ್ಲಿ 1988ರ ಬೇಸಿಗೆ ಮುಗಿಯುವಷ್ಟರಲ್ಲಿ ಷಿಕಾಗೊ ಸ್ಟಿಂಗ್, ಕ್ಲೀವ್‌ಲ್ಯಾಂಡ್ ಫೋರ್ಸ್, ಮಿನ್ನೆಸೋಟ ಸ್ಟ್ರೈಕರ್ಸ್, ಸೇಂಟ್ ಲೂಯಿಸ್ ಸ್ಟೀಮರ್ಸ್ ನಾಲ್ಕೂ ಹೋದವು. ಮರುವರ್ಷವೇ ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್‌ಗಳಲ್ಲಿ ಬೇರೆ ಹೆಸರಿನ, ಬೇರೆ ಮಾಲೀಕರ ತಂಡ ಹುಟ್ಟಿತು. ಊರಿನಲ್ಲಿ ಆಸಕ್ತಿ ಇತ್ತು, ಕಳೆದುಕೊಳ್ಳಲು ಮಾಲೀಕನಲ್ಲಿ ಹಣ ಉಳಿದಿರಲಿಲ್ಲ. 1990ರಲ್ಲಿ ಲೀಗ್ ತನ್ನ ಹೆಸರಿನಿಂದ ‘ಇಂಡೋರ್’ ತೆಗೆದುಹಾಕಿತು, 1992ರ ಜುಲೈನಲ್ಲಿ ಮುಚ್ಚಿತು. ಆಗಲೂ ಆಡಲು ಸಿದ್ಧವಿದ್ದ ತಂಡಗಳಿದ್ದವು, ಲೀಗ್ ಎನ್ನಿಸಿಕೊಳ್ಳುವಷ್ಟು ಸಂಖ್ಯೆ ಇರಲಿಲ್ಲ.

ಕಟ್ಟಡದ ರೋಗಕ್ಕೆ ನೇರವಾಗಿ ಮದ್ದು ಹಾಕಿದ್ದು 1993ರಲ್ಲಿ ಶುರುವಾದ ಕಾಂಟಿನೆಂಟಲ್ ಇಂಡೋರ್ ಸಾಕರ್ ಲೀಗ್. ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ಬಾಸ್ಕೆಟ್‌ಬಾಲ್, ಹಾಕಿ ಅರೇನಾಗಳ ಒಡೆಯರೇ ತಂಡ ಕಟ್ಟಲಿ ಎಂಬುದು ಅದರ ಆಲೋಚನೆ. ಸ್ಯಾಕ್ರಮೆಂಟೊ, ಡೆಟ್ರಾಯಿಟ್, ವಾಷಿಂಗ್ಟನ್‌ಗಳಲ್ಲಿ ಎನ್‌ಬಿಎ ಮಾಲೀಕರೇ ಕೈಹಾಕಿದರು. ಬಾಡಿಗೆಯ ಚಿಂತೆ, ದಿನಾಂಕದ ಚಿಂತೆ ಎರಡೂ ಇಲ್ಲ. ಆದರೂ 1997ಕ್ಕೆ ನಿಂತುಹೋಯಿತು. ಬೇಸಿಗೆ ರಜೆಯಲ್ಲಿ ಸಾಕರ್ ಮಕ್ಕಳ ಕುಟುಂಬಗಳು ಊರಲ್ಲೇ ಇರುವುದಿಲ್ಲ. ಹೊರಗೆ ಹಿತವಾದ ಸಂಜೆ ಇರುವಾಗ ಹವಾನಿಯಂತ್ರಿತ ಹಾಲ್‌ಗೆ ಎಳೆಯುವುದೂ ಕಷ್ಟ. 1996ರಲ್ಲಿ ಮೇಜರ್ ಲೀಗ್ ಸಾಕರ್ ಅದೇ ತಿಂಗಳುಗಳಲ್ಲಿ ಬಯಲಿನಲ್ಲಿ ಆಡತೊಡಗಿತು. ದೊಡ್ಡ ಮಾಲೀಕರಿಗೆ ಸಾಕರ್ ತಂಡ ಒಂದು ಪಕ್ಕದ ವ್ಯವಹಾರ. ನಷ್ಟ ಕಂಡ ಕೂಡಲೇ ಅವರು ಕೈತೊಳೆದುಕೊಳ್ಳಬಲ್ಲರು. ಕಟ್ಟಡದ ಒಡೆತನ ಬೇಕು, ಜೊತೆಗೆ ಈ ಆಟದ ಮೇಲೆ ಹಠವೂ ಬೇಕು.

ಆಮೇಲಿನದು ಒಡಕಿನ ಕಥೆ, ಬೇಗ ಹೇಳಿ ಮುಗಿಸಬಹುದು. ಹಳೆಯ ಹೆಸರಿನಲ್ಲೇ ಮತ್ತೆ ಶುರುವಾಗಿದ್ದ ಎರಡನೇ ಮೇಜರ್ ಇಂಡೋರ್ ಸಾಕರ್ ಲೀಗ್ 2008ರಲ್ಲಿ ಮುಚ್ಚಿದಾಗ ಉಳಿದ ತಂಡಗಳು ಬೇರೆ ಬೇರೆ ಗುಂಪಾದವು. ಅದರಲ್ಲಿ ಎಕ್ಸ್‌ಟ್ರೀಮ್ ಸಾಕರ್ ಲೀಗ್ ನಾಲ್ಕೇ ತಂಡಗಳೊಂದಿಗೆ ಒಂದೇ ಋತು ಆಡಿತು. ಅವೇ ಮೂರು ಎದುರಾಳಿಗಳನ್ನು ಮತ್ತೆ ಮತ್ತೆ ನೋಡಲು ಯಾರು ಸೀಸನ್ ಟಿಕೆಟ್ ಕೊಳ್ಳುತ್ತಾರೆ? 2014ರಲ್ಲಿ ಎರಡು ಲೀಗ್‌ಗಳ ತಂಡಗಳು ಕೂಡಿ ಈಗಿನ ಮೇಜರ್ ಅರೇನಾ ಸಾಕರ್ ಲೀಗ್ ಆಯಿತು. 1984ರಲ್ಲಿ ಹುಟ್ಟಿದ ಮಿಲ್ವಾಕೀ ವೇವ್ ಈ ಎಲ್ಲ ಬಿರುಗಾಳಿ ದಾಟಿ ಲೀಗ್‌ನಿಂದ ಲೀಗ್‌ಗೆ ಜಿಗಿದು ಉಳಿದುಕೊಂಡಿತು. ಅಲ್ಲಿನ ಜನರ ನಿಷ್ಠೆ ವೇವ್ ಎಂಬ ಹೆಸರಿಗೆ, ಲೀಗ್‌ನ ಹೆಸರಿಗಲ್ಲ. ತಂಡದ ಹೆಸರು, ಬಣ್ಣ ಬದಲಿಸಿ ‘ಹೊಸ ಆರಂಭ’ ಎನ್ನುವ ಮಾಲೀಕರು ಕಳೆದುಕೊಳ್ಳುವುದು ಈ ನಿಷ್ಠೆಯನ್ನೇ.

ಪುಕ್ಕಟೆ ಪಾಸುಗಳ ವಿಷಯದಲ್ಲಿ ನನ್ನ ನಿಲುವು ಕಟು. ಮೊದಲ ಎರಡು ಪಂದ್ಯಕ್ಕೆ ಶಾಲೆಗಳಿಗೆ ಪಾಸ್ ಹಂಚಿ, ತಪ್ಪಿಲ್ಲ. ಆದರೆ ಪಾಸ್ ಪಡೆದವರ ಫೋನ್ ನಂಬರ್, ಮಗುವಿನ ಕ್ಲಬ್ ಯಾವುದು ಎಂಬುದು ದಾಖಲಾಗಬೇಕು, ವಾರದೊಳಗೆ ಅವರಿಗೆ ಕರೆ ಹೋಗಬೇಕು. ಹಾಗೆ ಮಾಡದೆ ಋತುವಿಡೀ ಹಂಚಿದರೆ, ಕಾಸು ಕೊಟ್ಟು ಕೂತವನು ಪಕ್ಕದವನ ಪಾಸ್ ನೋಡಿ ಮುಂದಿನ ವರ್ಷ ಕಾಸು ಬಿಚ್ಚುವುದಿಲ್ಲ. ಪ್ರಾಯೋಜಕನೂ ಹಾಲ್‌ನಲ್ಲಿ ತಲೆ ಎಣಿಸಬಲ್ಲ.

ನಮ್ಮಲ್ಲೂ ಈ ಆಟದ ಸೋದರನಾದ, ಗೋಡೆಯಿಲ್ಲದ ಅಂಗಳದಲ್ಲಿ ಐದೈದು ಜನ ಆಡುವ ಫುಟ್ಸಾಲ್‌ಗೆ 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಬಂತು. ಬೆಂಗಳೂರಿಗೂ ಒಂದು ತಂಡವಿತ್ತು, ಪಾಲ್ ಸ್ಕೋಲ್ಸ್ ಅದಕ್ಕೆ ಆಡಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಮಾನ್ಯತೆ ಇಲ್ಲದೆ, ತವರಿನ ಅಂಗಳವೇ ಇಲ್ಲದ ತಂಡಗಳೊಂದಿಗೆ, ನಿವೃತ್ತ ತಾರೆಯರ ಹೆಸರಿನ ಮೇಲೆ ನಡೆದ ಆ ಲೀಗ್ ಎರಡು ಋತು ಕಂಡಿತು. ಮತ್ತೆ ಯಾರಾದರೂ ಬೆಂಗಳೂರಿನಲ್ಲಿ ಇಂಥದ್ದಕ್ಕೆ ಮನಸ್ಸು ಮಾಡಿದರೆ ಪ್ರೊ ಕಬಡ್ಡಿಯ ಕ್ರಮ ಕಣ್ಣಮುಂದಿದೆ. ಎಲ್ಲ ತಂಡಗಳೂ ಒಂದೇ ಊರಿನಲ್ಲಿ ಹಲವು ದಿನ ತಂಗಿ, ಕಂಠೀರವದಂಥ ಸಭಾಂಗಣದಲ್ಲಿ ಒಮ್ಮೆ ಹಾಸಿದ ಮ್ಯಾಟ್ ಮೇಲೆಯೇ ಸಾಲಾಗಿ ಪಂದ್ಯ ಆಡಿ ಮುಂದಿನ ಊರಿಗೆ ಹೊರಡುತ್ತವೆ. ಪ್ರಯಾಣ, ಹಾಸುವ ಕೂಲಿ, ದಿನಾಂಕದ ಜಗಳ ಎಲ್ಲ ಇಳಿಯುತ್ತದೆ. ಆದರೆ ಕಬಡ್ಡಿಗೆ ಇದು ಒಗ್ಗಿದ್ದು ಅದರ ಮುಖ್ಯ ಆದಾಯ ಟಿವಿ ಮತ್ತು ಪ್ರಾಯೋಜಕರಿಂದ ಬರುವುದರಿಂದ. ಟಿವಿ ಹಣವಿಲ್ಲದ ಲೀಗ್ ಇದೇ ದಾರಿ ಹಿಡಿದರೆ ಊರಿನ ಸೀಸನ್ ಟಿಕೆಟ್, ಮಕ್ಕಳ ಕ್ಲಬ್‌ಗಳ ಗುಂಪು ಟಿಕೆಟ್ ಎರಡೂ ಕೈತಪ್ಪುತ್ತವೆ. ಒಂದೇ ವಾರದಲ್ಲಿ ನಾಲ್ಕು ಪಂದ್ಯಕ್ಕೆ ಅದೇ ಕುಟುಂಬ ಬರುವುದಿಲ್ಲ. ಆದ್ದರಿಂದ ಪ್ರಸಾರದ ಒಪ್ಪಂದಕ್ಕೆ ಸಹಿ ಬಿದ್ದು, ಅದರ ಮೊತ್ತ ಕಾಗದದ ಮೇಲೆ ಬರುವವರೆಗೆ ಎಂಟು ತಂಡ, ಹತ್ತು ತಂಡ ಎಂಬ ಮಾತನ್ನೇ ಎತ್ತಬಾರದು. ಅಲ್ಲಿಯವರೆಗೆ ರಸ್ತೆಯಲ್ಲೇ ಹೋಗಿಬರುವಷ್ಟು ದೂರದ ನಾಲ್ಕೈದು ಊರುಗಳ ನಡುವೆ ವಾರಾಂತ್ಯದ ಪಂದ್ಯಗಳನ್ನಷ್ಟೇ ಇಟ್ಟುಕೊಂಡು, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಸ್ವಂತ ಟರ್ಫ್ ಇರುವವರನ್ನೇ ತಂಡದ ಮಾಲೀಕರನ್ನಾಗಿ ಸೇರಿಸಿಕೊಳ್ಳುವುದು ಲೇಸು.